ಪೆರಿಪ್ಲಸ್ ಗ್ರಂಥವೂ ‘ಅವಕಾಶ’ ಶಬ್ದದ ಅರ್ಥವಿಚಾರವೂ

೧

ಆಫ್ರಿಕಾಖಂಡದಲ್ಲಿ ದೊಡ್ಡ ಪ್ರಮಾಣದ ವಾಣಿಜ್ಯಕ್ಕೆ ಇರುವ ಅವಕಾಶಗಳನ್ನು ವರ್ಣಿಸುವ ಬರಹಗಳು ಈಚಿನ ವರ್ಷಗಳಲ್ಲಿ ಹೇರಳವಾಗಿ ಹೊರಡುತ್ತಿರುವುವು. ಅವುಗಳನ್ನು ವರ್ತಕರೂ ಅರ್ಥಶಾಸ್ತ್ರಜ್ಞರೂ ಓದುವರೇ ಹೊರತು ಸಾಹಿತ್ಯವಿಮರ್ಶಕರು ಓದುವುದು ವಿರಳ. ಆದರೆ ಅಂತಹ ಬರಹವೂ ವಾಙ್ಮಯದ ಒಂದು ಪ್ರಭೇದವೇ ಆಗಿರುವುದು. ಅದಕ್ಕೂ ಪರಂಪರೆಯುಂಟು, ಶೈಲಿಯುಂಟು, ವಾಚ್ಯಾರ್ಥದ ಹಿಂದೆ ಅಡಗಿದ ವ್ಯಂಗ್ಯಾರ್ಥವೂ ಉಂಟು. ಈ ಪರಂಪರೆಯಲ್ಲಿ ಉಪಲಬ್ಧವಾಗಿರುವ ಪ್ರಾಚೀನ ಗ್ರಂಥಗಳ ಪೈಕಿ ಅಗ್ರಗಣ್ಯವಾದುದು ಗ್ರೀಕ್ ಭಾಷೆಯ ‘ಎರಿಥ್ರಿಯನ್ ಸಮುದ್ರದ ಪೆರಿಪ್ಲಸ್’.

ಪೆರಿಪ್ಲಸ್ ಎಂದರೆ ತೀರವನ್ನು ಅನುಸರಿಸಿ ಸುತ್ತಿಬರುವ ನೌಕಾಯಾನ. ಗ್ರಂಥವು ೬೬ ಚಿಕ್ಕ ಖಂಡಗಳುಳ್ಳದ್ದು. ಕರ್ತೃವಿನ ಹೆಸರು ಉಳಿದಿಲ್ಲ. ಆದರೆ ಒಂದು ಮರವನ್ನು ವರ್ಣಿಸುವಾಗ ಈಜಿಪ್ಟಿನ ಮರಗಳನ್ನು ತನ್ನ ನಾಡಿನವೆಂಬಂತೆ ಹೇಳಿರುವುದರಿಂದ ಅವನು ಅಲ್ಲಿ ನೆಲಸಿದ್ದ ಗ್ರೀಕ್ ವರ್ತಕನೆಂಬುದು ಸ್ಪಷ್ಟ. ನಬಾಟಿಯದ ಅರಸನಾದ ಮಾಲಿಖಸನ ಉಲ್ಲೇಖವಿರುವುದರಿಂದ ಗ್ರಂಥದ ಕಾಲವು ಕ್ರಿ. ಶ. ೪೦ರಿಂದ ೭೦ರ ಒಳಗೆಂದು ವಿದ್ವಾಂಸರು ನಿರ್ಣಯಿಸಿರುವರು. ಹತ್ತನೆಯ ಶತಮಾನದ ಒಂದೇ ಹಸ್ತಪ್ರತಿಯು ಹೈಡೆಲ್‌ಬರ್ಗಿನಲ್ಲಿ ರಕ್ಷಿತವಾಗಿದೆ. ೧೮೭೯ರಲ್ಲಿ ಮೆಕ್‌ಕ್ರಿಂಡಲ್, ೧೯೧೨ರಲ್ಲಿ ಷಾಫ್, ೧೯೮೯ರಲ್ಲಿ ಕ್ಯಾಸನ್, ಹೀಗೆ ಮೂವರ ಇಂಗ್ಲಿಷ್ ಅನುವಾದಗಳು ಪ್ರಸಿದ್ಧವಾಗಿವೆ. ಭಾರತೀಯ ವಿದ್ವಾಂಸರು ಈ ಗ್ರಂಥವನ್ನು ಬಹುಮಟ್ಟಿಗೆ ತಮ್ಮ ಕಡಲತೀರದ ಊರುಗಳನ್ನು ಗುರುತಿಸುವುದಕ್ಕೆ ಮಾತ್ರವೇ ಬಳಸಿರುವರು. ಕನ್ನಡನಾಡಿನ ತೀರದ ಸ್ಥಳನಿರ್ಣಯದ ಚರ್ಚೆಯೂ ಆ ಬಗೆಯದೇ. ಆಫ್ರಿಕಾತೀರವನ್ನು ಕುರಿತ ಆದಿಭಾಗವನ್ನು ಗ್ರಂಥವಾಗಿಯೇ ಓದುವ ಕಾರ್ಯವು ಉಳಿದಿದೆ.

೨

ಶಾಸ್ತ್ರಗ್ರಂಥವನ್ನು ಪರೀಕ್ಷಿಸುವಾಗ ಮೊದಲು ವಿಚಾರಿಸತಕ್ಕುದು ಅನುಬಂಧಚತುಷ್ಟಯ. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಈ ನಾಲ್ಕರಲ್ಲಿ ಪೆರಿಪ್ಲಸಿನ ವಿಷಯವು ಬಂದರು, ಗಾಳಿ, ಸರಕು ಮತ್ತು ಅರಸರ ಕಟ್ಟಳೆ, ಪ್ರಯೋಜನವು ಲಾಭ, ಗ್ರಂಥಕ್ಕೂ ವಿಷಯಕ್ಕೂ ಇರುವುದು ಪ್ರತಿಪಾದ್ಯ-ಪ್ರತಿಪಾದಕ ಸಂಬಂಧ. ಈ ಮೂರರಲ್ಲಿ ವಿವಾದವಿಲ್ಲ. ನಾಲ್ಕನೆಯದಾದ ಅಧಿಕಾರಿಯ ವಿಚಾರವೇ ಮುಖ್ಯವಾದುದು. ಈ ಗ್ರಂಥವನ್ನು ಓದಲು ಅಧಿಕಾರಿಯಾದವನು ಈಜಿಪ್ಟಿನ ಬೆರೆನೀಕೆ, ಮಿಯೊಸ್ ಹೋರ್ಮೊಸ್ ಬಂದರುಗಳಿಂದ ಹೊರಡುವ ಹಡಗಿನ ಒಡೆಯನು. ಯಾವ ತೀರವನ್ನು ಗ್ರಂಥವು ವರ್ಣಿಸುತ್ತಿರುವುದೋ ಆ ತೀರದ ನಿವಾಸಿಯು ವಿಷಯದಲ್ಲಿ ಸೇರುವನು, ಅಧಿಕಾರಿಯಾಗಲಾರನು. ಈ ಜಾತಿಯ ವಾಙ್ಮಯವೆಲ್ಲಕ್ಕೂ ಇದೇ ಮೂಲಲಕ್ಷಣವೆಂಬುದು ಮುಂದೆ ಸ್ಪಷ್ಟಪಡುವುದು.

ತಾತ್ಪರ್ಯನಿರ್ಣಯಕ್ಕೆ ಮೀಮಾಂಸಕರು ಹೇಳಿದ ಲಿಂಗಗಳಲ್ಲಿ ಅಭ್ಯಾಸವೆಂಬುದೊಂದು. ಪುನಃಪುನಃ ಹೇಳಿದುದರಲ್ಲಿಯೇ ಗ್ರಂಥದ ತಾತ್ಪರ್ಯವಿರುವುದು. ಪೆರಿಪ್ಲಸಿನಲ್ಲಿ ಪ್ರತಿ ಬಂದರಿಗೂ ಎರಡು ಪಟ್ಟಿಗಳು: ಒಳಕ್ಕೆ ಬರುವುದು, ಹೊರಕ್ಕೆ ಹೋಗುವುದು. ಕೆಂಪುಸಮುದ್ರದ ಅಡುಲಿಸ್ ಬಂದರಿನಿಂದ ಹೊರಡುವ ಸರಕು ಆನೆಯ ದಂತ, ಆಮೆಯ ಚಿಪ್ಪು, ಖಡ್ಗಮೃಗದ ಕೊಂಬು. ಅಲ್ಲಿಗೆ ಬರುವುದು ಈಜಿಪ್ಟಿನ ಬಟ್ಟೆ, ಗಾಜು, ಹಿತ್ತಾಳೆ. ಭಾರತದ ಕಬ್ಬಿಣ, ಉಕ್ಕು, ಹತ್ತಿಯ ಬಟ್ಟೆ, ಅರಗು. ಮುಂದಿನ ಸೊಮಾಲಿ ತೀರದ ಮಾಲಾವೊ, ಮೊಸಿಲ್ಲಾನ್, ಒಪೋನೆ ಮೊದಲಾದ ಬಂದರುಗಳಿಂದ ಸುಗಂಧದ ಅಂಟುಗಳು ಹೊರಡುವುವು. ಅಲ್ಲಿಗೆ ಭರುಕಚ್ಛದ ಕಡೆಯಿಂದ ಗೋದಿ, ಅಕ್ಕಿ, ತುಪ್ಪ, ಎಳ್ಳೆಣ್ಣೆ, ಬಟ್ಟೆ, ಅಲ್ಲದೆ ‘ಸಕ್ಖರಿ’ ಎಂಬ ಜೊಂಡಿನ ಜೇನು ಬರುವುವು. ಈ ಕಡೆಯ ಶಬ್ದವು ಶರ್ಕರಾ ಶಬ್ದದ ಪ್ರಾಕೃತರೂಪವೆಂಬುದು ವಿದಿತವೇ ಆಗಿದೆ. ಕನ್ನಡದ ‘ಸಕ್ಕರೆ’ಯೂ ಅದರ ಸಹೋದರಿಯೇ.

ಈ ಪಟ್ಟಿಗಳನ್ನು ಒಟ್ಟಿಗಿಟ್ಟು ನೋಡಿದಲ್ಲಿ ಒಂದು ನಿಯಮವು ಗೋಚರಿಸುವುದು. ಆಫ್ರಿಕಾದಿಂದ ಹೊರಡುವುವು ಪ್ರಾಯಶಃ ಪ್ರಕೃತಿದತ್ತವಾದ ದ್ರವ್ಯಗಳು. ಒಳಬರುವುವು ಬಹುಪಾಲು ಮನುಷ್ಯನ ಕೈಕೆಲಸಕ್ಕೆ ಒಳಗಾದ ವಸ್ತುಗಳು. ಪೂರ್ವತೀರದ ಕೊನೆಯ ಪೇಟೆಯಾದ ರಾಪ್ಟದಲ್ಲಿ ಇದು ಮತ್ತಷ್ಟು ಸ್ಫುಟವಾಗಿದೆ. ಹೊಲಿದು ಕಟ್ಟಿದ ದೋಣಿಗಳಿಂದ ಆ ಊರಿಗೆ ಆ ಹೆಸರು ಬಂದುದೆಂದು ಗ್ರಂಥಕಾರನೇ ಹೇಳುವನು. ಅರಬದೇಶದ ಮೂಜಾ ಪಟ್ಟಣದಲ್ಲಿ ಆ ತೀರಕ್ಕೆಂದೇ ಮಾಡಿಸಿದ ಈಟಿ, ಕೊಡಲಿ, ಕಠಾರಿ, ದಬ್ಬಳಗಳು ಅಲ್ಲಿಗೆ ಹೋಗುತ್ತಿದ್ದುವು. ದೋಣಿಯನ್ನು ಹೊಲಿಯಬಲ್ಲ ಜನರಿಗೆ ದಬ್ಬಳವು ಹೊರಗಿನಿಂದ ಬರುತ್ತಿದ್ದಿತೆಂಬುದು ಗ್ರಂಥಕಾರನಿಗೆ ವಿಶೇಷವಾಗಿ ತೋರಲಿಲ್ಲ, ಓದುವವನಿಗೆ ತೋರಬೇಕು.

೩

ಇಷ್ಟರಿಂದ ಗ್ರಂಥಕಾರನನ್ನು ನಿಂದಿಸುವುದು ನ್ಯಾಯವಾಗದು. ಅವನ ಗುಣಗಳು ಸಾಮಾನ್ಯವಾದುವಲ್ಲ. ಕಂಡುದನ್ನು ಕಂಡಂತೆ ಹೇಳುವನು. ಉತ್ಪ್ರೇಕ್ಷೆ ಅವನಿಗೆ ಪಥ್ಯವಲ್ಲ. ಅಡುಲಿಸಿನ ಸುತ್ತಣ ನಾಡನ್ನು ಆಳುತ್ತಿದ್ದ ಜೋಸ್ಕಲೀಸನೆಂಬ ಅರಸನು ಹಣದ ವಿಷಯದಲ್ಲಿ ಬಿಗಿಹಿಡಿತದವನೆಂದೂ ಉಳಿದಂತೆ ಸಜ್ಜನನೆಂದೂ ಗ್ರೀಕ್ ವಿದ್ಯೆಯನ್ನು ಬಲ್ಲವನೆಂದೂ ಒಂದೇ ಉಸುರಿನಲ್ಲಿ ಹೇಳಿಬಿಡುವನು. ಸೊಮಾಲಿ ತೀರಕ್ಕೆ ಒಬ್ಬನೇ ಅರಸನಿಲ್ಲವೆಂದೂ ಪ್ರತಿ ಪೇಟೆಗೂ ಬೇರೆ ಬೇರೆ ಒಡೆಯರುಂಟೆಂದೂ ಎಚ್ಚರಿಸುವನು. ರಾಪ್ಟಕ್ಕೆ ಹೋಗುವ ಅರಬ ನಾವಿಕರು ಅಲ್ಲಿಯ ಮಾತನ್ನು ಕಲಿತು ಅಲ್ಲಿಯವರೊಡನೆ ಮದುವೆಯ ಸಂಬಂಧವನ್ನೂ ಬೆಳಸಿದ್ದರೆಂದು ತಿಳಿಸುವನು. ಕೆಲವು ಕಡೆಗಳಿಗೆ ದ್ರಾಕ್ಷಾರಸವನ್ನೂ ಗೋದಿಯನ್ನೂ ಒಯ್ಯುವುದು ಮಾರಾಟಕ್ಕಲ್ಲ, ಅಲ್ಲಿಯ ಜನರ ಸ್ನೇಹವನ್ನು ಸಂಪಾದಿಸುವುದಕ್ಕೆ ಎಂಬುದನ್ನೂ ಮರೆಯನು. ಆ ತೀರವು ಬರಿದಾದುದೆಂದು ಅವನು ಎಲ್ಲಿಯೂ ಹೇಳಿಲ್ಲ. ರಾಪ್ಟದ ಆಚೆಗೆ ಯಾರೂ ಶೋಧಿಸದ ಸಮುದ್ರವಿದೆಯೆಂದು ಒಪ್ಪಿಕೊಂಡು ಲೇಖನಿಯನ್ನು ನಿಲ್ಲಿಸಿರುವನೇ ಹೊರತು ಕಾಣದುದನ್ನು ಕಲ್ಪಿಸಿಲ್ಲ.

ಆದರೂ ಗ್ರಂಥದಲ್ಲಿ ಎರಡು ಸ್ಥಳಗಳು ಸಹೃದಯನನ್ನು ತಡೆದು ನಿಲ್ಲಿಸುವುವು. ಮೊದಲನೆಯದು ಅಡುಲಿಸಿನ ಸಮೀಪದ ಲಂಗರಿನ ವಿಚಾರ. ಹಡಗುಗಳು ಹಿಂದೆ ದಡಕ್ಕೆ ಅಂಟಿಕೊಂಡಿದ್ದ ಒಂದು ದ್ವೀಪದ ಬಳಿ ನಿಲ್ಲುತ್ತಿದ್ದುವೆಂದೂ, ಕಾಲುನಡಿಗೆಯಲ್ಲಿಯೇ ಅಲ್ಲಿಗೆ ಬರಬಹುದಾಗಿದ್ದುದರಿಂದ ಸ್ಥಳೀಯರು ದಾಳಿಮಾಡಿದರೆಂದೂ, ಆಮೇಲೆ ದೂರದ ದ್ವೀಪವೊಂದರಲ್ಲಿ ನಿಲ್ಲತೊಡಗಿದುವೆಂದೂ ಗ್ರಂಥವು ಹೇಳುವುದು. ದಾಳಿಯ ಕಾರಣವು ವಾಚ್ಯವಾಗಿಲ್ಲ. ಗ್ರಂಥಕಾರನ ದೃಷ್ಟಿಯಲ್ಲಿ ಅದು ಲಂಗರಿಗೆ ಸಂಬಂಧಿಸಿದ ವಿಘ್ನ ಮಾತ್ರ. ಆದರೆ ಆ ಮೌನದಲ್ಲಿಯೇ ತೀರದ ಜನರ ಧ್ವನಿ ಅಡಗಿರುವುದು. ಗ್ರಂಥದಲ್ಲಿ ಅವರು ಕರ್ತೃಪದವಾಗಿ ನಿಲ್ಲುವ ಸ್ಥಳಗಳು ವಿರಳ. ನಿಂತಾಗ ಬರುವ ಕ್ರಿಯಾಪದಗಳಲ್ಲಿ ಇದೊಂದು.

ಎರಡನೆಯದು ಇನ್ನೂ ಗುರುತರವಾದುದು. ಒಪೋನೆಯ ರಫ್ತಿನ ಪಟ್ಟಿಯಲ್ಲಿ ಸುಗಂಧದ್ರವ್ಯಕ್ಕೂ ಆಮೆಯ ಚಿಪ್ಪಿಗೂ ನಡುವೆ ಮನುಷ್ಯರು ಬರುವರು. ಉತ್ತಮತರಗತಿಯ ದಾಸರು ಅಲ್ಲಿ ದೊರೆಯುವರೆಂದೂ ಅವರು ಹೆಚ್ಚು ಹೆಚ್ಚಾಗಿ ಈಜಿಪ್ಟಿಗೆ ಹೋಗುತ್ತಿರುವರೆಂದೂ ಅವನು ಬರೆದಿರುವನು. ಸ್ವರದಲ್ಲಿ ಏರಿಳಿತವಿಲ್ಲ, ವಾಕ್ಯರಚನೆಯಲ್ಲಿ ಭೇದವಿಲ್ಲ. ಆಲಂಕಾರಿಕರು ಔಚಿತ್ಯಭಂಗವೆಂದು ಹೇಳುವುದಕ್ಕೆ ಇದಕ್ಕಿಂತ ಘೋರವಾದ ಉದಾಹರಣೆ ದೊರೆಯಲಾರದು. ಕಾಲಧರ್ಮವೆಂದು ಸಮಾಧಾನ ಹೇಳಬಹುದು. ಆದರೆ ಪಟ್ಟಿಯೆಂಬ ರಚನಾವಿಧಾನದ ದೋಷವೂ ಇಲ್ಲಿದೆ. ಪಟ್ಟಿಯು ತನ್ನೊಳಕ್ಕೆ ಬಂದುದೆಲ್ಲವನ್ನೂ ಸಮಾನಾಧಿಕರಣ ಮಾಡಿಬಿಡುವುದು. ಇಂತಹ ವ್ಯಾಪಾರವು ಶತಮಾನಗಳವರೆಗೆ ಬೇರೆ ಬೇರೆ ಕೈಗಳಲ್ಲಿ ಮುಂದುವರಿದುದಕ್ಕೆ ಸಾಕ್ಷ್ಯವನ್ನು ಕನ್ನಡಿಗರು ದೂರದಲ್ಲಿ ಹುಡುಕಬೇಕಾಗಿಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಿನಂಚಿನಲ್ಲಿ ಕನ್ನಡ, ಕೊಂಕಣಿಗಳನ್ನು ಆಡುತ್ತ ಬಾಳುವ ಸಿದ್ದಿಜನರ ಪೂರ್ವಿಕರಲ್ಲಿ ಅನೇಕರು ಪೆರಿಪ್ಲಸಿನ ಕಾಲಕ್ಕೆ ಬಹಳ ಈಚೆಗೆ, ಪೋರ್ಚುಗೀಸರ ಆಳಿಕೆಯಲ್ಲಿ ಗೋವೆಯ ಮೂಲಕ ಬಂದವರು. ಪಟ್ಟಿಯೊಂದರಲ್ಲಿ ಸಂಖ್ಯೆಯಾಗಿದ್ದವರ ಸಂತತಿಯವರು ಇಂದು ಕನ್ನಡನಾಡಿನ ಪ್ರಜೆಗಳಾಗಿದ್ದಾರೆ.

೪

ಇನ್ನು ‘ಅವಕಾಶ’ ಶಬ್ದದ ವಿಚಾರ. ಲ್ಯಾಟಿನ್ ಮೂಲದ ಇಂಗ್ಲಿಷ್ ಶಬ್ದದ ಸ್ಥಾನದಲ್ಲಿ ಕನ್ನಡವು ಈ ಸಂಸ್ಕೃತಪದವನ್ನು ಬಳಸುತ್ತಿರುವುದು. ಎರಡರ ವ್ಯುತ್ಪತ್ತಿಗಳು ಭಿನ್ನವಾದುವು. ಲ್ಯಾಟಿನ್ ಪದವು ಹಡಗನ್ನು ಬಂದರಿನ ಕಡೆಗೆ ಒಯ್ಯುವ ಗಾಳಿಯನ್ನು ಕುರಿತದ್ದು. ಅದು ಪೆರಿಪ್ಲಸಿನ ಮನೋಧರ್ಮಕ್ಕೆ ಸರಿಯಾಗಿ ಒಪ್ಪುವುದು: ಗಾಳಿಯೂ ಬಂದರೂ ಇದ್ದ ಮೇಲೆ ಬಂದರಿನಲ್ಲಿ ಜನರೂ ಇರಲೇಬೇಕು. ಸಂಸ್ಕೃತದ ‘ಅವಕಾಶ’ಕ್ಕಾದರೋ ತೆರಪು, ಬರಿದಾದ ಎಡೆ ಎಂಬುದೇ ಪ್ರಧಾನಾರ್ಥ. ಅವಕಾಶವನ್ನು ಕೊಡುವುದೇ ಆಕಾಶದ ಲಕ್ಷಣವೆಂದು ಶಾಸ್ತ್ರಜ್ಞರು ಹೇಳುವರು. ಹೀಗಿರುವಲ್ಲಿ ‘ಆಫ್ರಿಕಾದಲ್ಲಿ ಅವಕಾಶವಿದೆ’ ಎಂಬ ವಾಕ್ಯವು ಅಲ್ಲಿ ತೆರಪಿದೆ ಎಂಬ ಅರ್ಥವನ್ನೂ ಹೊತ್ತಿರುವುದು.

ಇದು ಬರಿಯ ಶಬ್ದಚಮತ್ಕಾರವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಅರ್ಥವೇ ರಾಜನೀತಿಯಾಯಿತು. ೧೮೮೪ರ ನವೆಂಬರಿನಿಂದ ೧೮೮೫ರ ಫೆಬ್ರವರಿಯವರೆಗೆ ಬರ್ಲಿನ್ನಿನಲ್ಲಿ ಯೂರೋಪಿನ ರಾಷ್ಟ್ರಗಳು ಸಭೆಸೇರಿ ಆ ಖಂಡದ ವ್ಯಾಪಾರಕ್ಕೂ ಆಕ್ರಮಣಕ್ಕೂ ನಿಯಮಗಳನ್ನು ಮಾಡಿಕೊಂಡುವು. ಆ ಖಂಡದ ಪ್ರತಿನಿಧಿಯೊಬ್ಬನೂ ಅಲ್ಲಿರಲಿಲ್ಲ. ಅದೇ ೧೮೮೫ರಲ್ಲಿ ಬೆಲ್ಜಿಯಂ ಅರಸನಾದ ಲಿಯೊಪೋಲ್ಡನ ಕಾಂಗೋ ರಾಜ್ಯವು ‘ಬರಿದಾದ ನೆಲ’ವೆಲ್ಲವೂ ಸರ್ಕಾರದ್ದೆಂದು ಶಾಸನಮಾಡಿತು. ಜನರು ಬೇಟೆಯಾಡುತ್ತಿದ್ದ ಕಾಡೂ, ಬೇಸಾಯವನ್ನು ಬಿಟ್ಟು ಬಿಟ್ಟು ಮಾಡುತ್ತಿದ್ದ ಹೊಲವೂ ಬರಿದೆಂದೇ ಗಣಿತವಾದುವು. ಅನಂತರ ದಂತಕ್ಕಾಗಿಯೂ ರಬ್ಬರಿಗಾಗಿಯೂ ನಡೆದ ಬಲಾತ್ಕಾರವು ಲೋಕವಿದಿತವಾಗಿ ೧೯೦೮ರಲ್ಲಿ ಆ ರಾಜ್ಯವನ್ನು ಅರಸನ ಕೈಯಿಂದ ತೆಗೆಯಬೇಕಾಯಿತು. ೧೮೯೦ರಲ್ಲಿ ಆ ನದಿಯಲ್ಲಿ ಪ್ರಯಾಣಮಾಡಿದ ಜೋಸೆಫ್ ಕಾನ್ರಾಡನು ೧೮೯೯ರಲ್ಲಿ ಪ್ರಕಟಿಸಿದ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಎಂಬ ಕಥೆಯಲ್ಲಿ, ಬಾಲ್ಯದಲ್ಲಿ ಭೂಪಟದ ಬರಿಯ ಎಡೆಗಳಿಗೆ ಮನಸೋತವನೊಬ್ಬನನ್ನೇ ನಿರೂಪಕನನ್ನಾಗಿ ಮಾಡಿರುವನು. ದಂತದ ವ್ಯಾಪಾರವನ್ನು ಅಷ್ಟು ತೀಕ್ಷ್ಣವಾಗಿ ಬಯಲಿಗೆಳೆದ ಆ ಕೃತಿಯೂ ಅಲ್ಲಿಯ ಜನರನ್ನು ನೆರಳುಗಳಂತೆ ಬಿಟ್ಟಿತೆಂದು ನೈಜೀರಿಯದ ಚಿನುವ ಅಚಿಬೆಯವರು ೧೯೭೫ರ ಉಪನ್ಯಾಸವೊಂದರಲ್ಲಿ ಆಕ್ಷೇಪಿಸಿದರು. ಆ ಆಕ್ಷೇಪದ ಸಾರವನ್ನು ಶಾಸ್ತ್ರದ ಪರಿಭಾಷೆಯಲ್ಲಿ ಹೇಳಬೇಕಾದರೆ: ಕಾನ್ರಾಡನು ಪ್ರಯೋಜನವನ್ನು ಖಂಡಿಸಿದನು, ಅಧಿಕಾರಿಯನ್ನು ಬದಲಾಯಿಸಲಿಲ್ಲ.

೫

ಅಧಿಕಾರಿಯು ಬದಲಾದ ಗ್ರಂಥವು ದೊರೆತುದು ಈಚೆಗೆ. ೨೦೧೮ರ ಮಾರ್ಚ್ ೨೧ರಂದು ಕಿಗಾಲಿಯಲ್ಲಿ ಸಹಿಯಾಗಿ ೨೦೧೯ರ ಮೇ ೩೦ರಿಂದ ಜಾರಿಗೆ ಬಂದ ಆಫ್ರಿಕಾಖಂಡದ ಮುಕ್ತವಾಣಿಜ್ಯದ ಒಡಂಬಡಿಕೆಯಲ್ಲಿ ಬರೆದವರೂ ಅಲ್ಲಿಯವರೇ, ಬರೆಯಿಸಿಕೊಂಡವರೂ ಅಲ್ಲಿಯವರೇ. ಆಫ್ರಿಕಾ ಒಕ್ಕೂಟದ ೫೫ ರಾಜ್ಯಗಳಲ್ಲಿ ೫೪ ಅದಕ್ಕೆ ಸಹಿಹಾಕಿವೆ. ಅದರ ಕಾರ್ಯಾಲಯವು ಘಾನಾದ ಆಕ್ರಾ ನಗರದಲ್ಲಿದೆ. ಅದರಂತೆ ವ್ಯಾಪಾರವು ೨೦೨೧ರ ಜನವರಿ ೧ರಿಂದ ಆರಂಭವಾಯಿತು. ಪ್ರತಿ ಪೇಟೆಗೂ ಬೇರೆ ಒಡೆಯನೆಂದು ಪೆರಿಪ್ಲಸ್ ಗುರುತಿಸಿದ ತೀರದಲ್ಲಿ ಒಂದೇ ಮಾರುಕಟ್ಟೆಯನ್ನು ಕಟ್ಟುವ ಸಂಕಲ್ಪವಿದು.

ಆದರೆ ಪಟ್ಟಿಯು ಸಂಕಲ್ಪಮಾತ್ರದಿಂದ ಬದಲಾಗುವುದಿಲ್ಲ. ಲೋಕದ ಕೋಕೋ ಬೀಜದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಐವರಿ ಕೋಸ್ಟ್ ಮತ್ತು ಘಾನಾಗಳೆರಡೇ ಬೆಳೆಯುವುವು. ಅದರಿಂದ ಮಾಡುವ ಚಾಕೊಲೇಟಿನ ಹೆಸರಾಂತ ತಯಾರಕರು ಬೇರೆಡೆಯವರು. ಕಚ್ಚಾ ಎಣ್ಣೆಯನ್ನು ಹೇರಳವಾಗಿ ಮಾರುವ ನೈಜೀರಿಯವು ಶುದ್ಧಮಾಡಿದ ಎಣ್ಣೆಯನ್ನು ದಶಕಗಳ ಕಾಲ ಹೊರಗಿನಿಂದ ಕೊಂಡುಕೊಂಡಿತು. ರಾಪ್ಟದ ದಬ್ಬಳದ ಕಥೆಯೇ ಇದು. ಲಾಗೋಸಿನ ಸಮೀಪದ ಲೆಕ್ಕಿಯಲ್ಲಿ ಆ ದೇಶದ ಉದ್ಯಮಿಯೊಬ್ಬರೇ ಕಟ್ಟಿಸಿದ, ದಿನಕ್ಕೆ ೬,೫೦,೦೦೦ ಪೀಪಾಯಿಗಳ ಸಾಮರ್ಥ್ಯವುಳ್ಳ ಶುದ್ಧೀಕರಣಶಾಲೆಯು ೨೦೨೪ರಲ್ಲಿ ಕೆಲಸವನ್ನಾರಂಭಿಸಿದುದನ್ನು ಆ ಕಥೆಗೆ ಬರೆದ ಹೊಸ ಅಧ್ಯಾಯವೆಂದು ಎಣಿಸಬಹುದು.

ಹಾಗಾದರೆ ವಾಣಿಜ್ಯದ ಗ್ರಂಥಗಳನ್ನು ಅಳೆಯುವ ಮಾನದಂಡವಾವುದು? ೧೯೦೫ರಲ್ಲಿ ಮೈಸೂರಿನ ಪ್ರಾಚ್ಯಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ ೧೯೦೯ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಒಂದು ಸೂತ್ರವುಂಟು. ಲಾಭವು ದೊಡ್ಡದೇ ಆದರೂ ಪ್ರಜೆಗಳಿಗೆ ಪೀಡಾಕರವಾದಲ್ಲಿ ಅದನ್ನು ತಡೆಯಬೇಕೆಂಬುದು ಅದರ ಭಾವ. ಕೌಟಿಲ್ಯನು ವ್ಯಾಪಾರದ್ವೇಷಿಯಲ್ಲ, ಬಂದರುಗಳು ಬಹಳವಾಗಿರುವುದರಿಂದ ನಡುಗಡಲಿನ ದಾರಿಗಿಂತ ತೀರದ ದಾರಿಯು ಮೇಲೆಂದು ಲೆಕ್ಕಹಾಕಿದವನು. ಆದುದರಿಂದ ಅವನ ನಿಷೇಧಕ್ಕೆ ಬೆಲೆ ಹೆಚ್ಚು. ಆದರೆ ಅವನ ಪ್ರಜೆಗಳು ಸ್ವದೇಶದವರು. ಪರರ ತೀರಕ್ಕೆ ಹೋದ ವರ್ತಕನಿಗೆ ಅಲ್ಲಿಯವರು ಪ್ರಜೆಗಳಲ್ಲ. ಅವರನ್ನು ರಕ್ಷಿಸುವ ಸೂತ್ರವನ್ನು ಬೇರೆಡೆಯಲ್ಲಿ ಹುಡುಕಬೇಕು.

ಅದು ವ್ಯಾಕರಣದಲ್ಲಿ ದೊರೆಯುವುದು. ಎರಡು ವಿಧಿಗಳು ಒಂದೇ ಸ್ಥಳದಲ್ಲಿ ಪ್ರಾಪ್ತವಾದಾಗ, ಬೇರೆಡೆಯಲ್ಲಿ ಪ್ರವರ್ತಿಸಲು ತೆರಪುಳ್ಳುದು ಸಾವಕಾಶ. ಇಲ್ಲಿ ಪ್ರವರ್ತಿಸದಿದ್ದಲ್ಲಿ ಇನ್ನೆಲ್ಲಿಯೂ ಎಡೆಯಿಲ್ಲದುದು ನಿರವಕಾಶ. ನಿರವಕಾಶವೇ ಬಲವತ್ತರ. ಉಪಗುವಿನ ಮಗನು ಔಪಗವನೆಂಬಲ್ಲಿ ಸಾಮಾನ್ಯಪ್ರತ್ಯಯಕ್ಕೆ ಎಡೆಯುಂಟು. ಆದುದರಿಂದ ದಕ್ಷನ ಮಗನು ದಾಕ್ಷಿಯೆಂಬಲ್ಲಿ ಅದು ವಿಶೇಷಪ್ರತ್ಯಯಕ್ಕೆ ದಾರಿಬಿಡುವುದು. ವರ್ತಕನು ಸಾವಕಾಶನು: ಒಂದು ಬಂದರು ಒಲ್ಲದಿದ್ದಲ್ಲಿ ಮತ್ತೊಂದಕ್ಕೆ ಹಾಯಿ ತಿರುಗಿಸುವನು. ಪೆರಿಪ್ಲಸಿನ ೬೬ ಖಂಡಗಳೂ ಅವನ ಸಾವಕಾಶತ್ವಕ್ಕೇ ಪ್ರಮಾಣ. ತೀರದ ನಿವಾಸಿಗೆ ಆ ತೀರವೊಂದೇ, ಅವನು ನಿರವಕಾಶನು. ಇಬ್ಬರ ಹಕ್ಕುಗಳೂ ಒಂದೇ ನೆಲದಲ್ಲಿ ಪ್ರಾಪ್ತವಾದಾಗ ಯಾವುದು ಬಲವತ್ತರವೆಂಬುದಕ್ಕೆ ಬೇರೆ ವ್ಯಾಖ್ಯಾನವು ಬೇಡ. ಅವಕಾಶವೆಂಬ ಶಬ್ದವನ್ನು ಇನ್ನು ಮುಂದೆ ಪ್ರಯೋಗಿಸುವವರು ಅದು ಯಾರಿಗೆ ಇದೆಯೆಂದು ಹೇಳುವುದರೊಡನೆ ಯಾರಿಗೆ ಇಲ್ಲವೆಂಬುದನ್ನೂ ಹೇಳಿದಲ್ಲಿ ಶಬ್ದವೂ ಶುದ್ಧವಾಗುವುದು, ವ್ಯವಹಾರವೂ ಶುದ್ಧವಾಗುವುದು.