ಬಾಯಾಡಿಸದ ಗೊಂಬೆಗಳ ಮಾತು

ಎಪ್ಪತ್ತು, ಎಂಬತ್ತರ ದಶಕದ ಅಮೆರಿಕದಲ್ಲಿ ಬಾಲ್ಯ ಕಳೆದವರು ಆಗಿನ ಟಿವಿಯನ್ನು ನೆನೆಯಲು ಕುಳಿತರೆ ಲೇಡಿ ಎಲೇನ್ ಫೇರ್‌ಚೈಲ್ಡ್ ಮಾತು ಬಂದೇ ಬರುತ್ತದೆ. ಕೆಂಪು ಮೂಗು, ಕೆಂಪೇರಿದ ಕೆನ್ನೆ, ಗಡಸು ದನಿ, ಊರವರ ವಿಷಯಕ್ಕೆಲ್ಲ ತಲೆಹಾಕುವ ಚಾಳಿ. ಅವಳನ್ನು ಕಂಡರೆ ಹೆದರಿ ಅಮ್ಮನ ಬೆನ್ನ ಹಿಂದೆ ಸರಿಯುತ್ತಿದ್ದೆವು ಎನ್ನುವವರಿದ್ದಾರೆ. ಅವರೇ ಮರುಕ್ಷಣ ಡೇನಿಯಲ್ ಎಂಬ ಪುಟ್ಟ ಹುಲಿಯ ಹೆಸರೆತ್ತಿ ಕರಗಿಹೋಗುತ್ತಾರೆ. ಇಬ್ಬರ ಒಳಗೂ ಇದ್ದದ್ದು ಒಬ್ಬನೇ ಮನುಷ್ಯನ ಕೈ, ಒಬ್ಬನದೇ ದನಿ.

ಆತ ಫ್ರೆಡ್ ರೋಜರ್ಸ್. ‘ಮಿಸ್ಟರ್ ರೋಜರ್ಸ್ ನೈಬರ್‌ಹುಡ್’ 1968ರ ಫೆಬ್ರವರಿ 19ರಂದು ಅಮೆರಿಕದಾದ್ಯಂತ ಪ್ರಸಾರ ಆರಂಭಿಸಿ, ನಡುವೆ ಕೆಲವು ವರ್ಷ ಬಿಡುವು ಪಡೆದು, 2001ರ ಆಗಸ್ಟ್ 31ರವರೆಗೆ ನಡೆಯಿತು. ಕಂತುಗಳು ಒಂಬೈನೂರರ ಹತ್ತಿರ. ರೋಜರ್ಸ್ ಮನೆಯೊಳಗೆ ಬಂದು ಕೋಟು ತೆಗೆದು ಸ್ವೆಟರ್ ಹಾಕುತ್ತಿದ್ದರು, ಬೂಟು ಬದಲಿಸುತ್ತಿದ್ದರು, ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಿದ್ದರು. ಆಮೇಲೆ ಒಂದು ಪುಟ್ಟ ಕೆಂಪು ಟ್ರಾಲಿ ಗೋಡೆಯ ಸುರಂಗ ದಾಟಿ ಕಲ್ಪನೆಯ ಊರಿಗೆ ಹೊರಡುತ್ತಿತ್ತು. ಆ ಊರಿನಲ್ಲಿ ರೋಜರ್ಸ್ ಮುಖ ತೋರಿಸುತ್ತಿರಲಿಲ್ಲ. ಹದಿಮೂರನೇ ಫ್ರೈಡೇ ಎಂಬ ರಾಜ, ರಾಣಿ ಸಾರಾ, ಎಕ್ಸ್ ಎಂಬ ಗೂಬೆ, ಹೆನ್ರಿಯೆಟ್ಟಾ ಎಂಬ ಬೆಕ್ಕು, ಡೇನಿಯಲ್, ಲೇಡಿ ಎಲೇನ್, ಎಲ್ಲರಿಗೂ ಪರದೆಯ ಹಿಂದಿನಿಂದ ಜೀವ ತುಂಬುತ್ತಿದ್ದರು.

ಇಷ್ಟು ವರ್ಷಗಳ ನಂತರ ಅಭಿಮಾನಿಗಳ ನೆನಪು ಈ ಊರನ್ನು ಪೂರಾ ಸಿಹಿ ಮಾಡಿಬಿಟ್ಟಿದೆ. ಒಳ್ಳೆಯತನ, ಮೆಲುದನಿ, ನೆಮ್ಮದಿ. ಅದು ಸ್ವೆಟರ್ ತೊಟ್ಟ ಮನುಷ್ಯನಿಗೆ ಒಪ್ಪುವ ವರ್ಣನೆ. ಗೊಂಬೆಗಳಿಗೆ ಒಪ್ಪುವುದಿಲ್ಲ. ಹಳೆಯ ಕಂತುಗಳನ್ನು ಈಗ ಮತ್ತೆ ನೋಡಿದರೆ ಎದ್ದು ಕಾಣುವುದು ಅವುಗಳ ಹೆದರಿಕೆ, ಹಟ, ಹೊಟ್ಟೆಕಿಚ್ಚು, ಅನುಮಾನ. ಕ್ಯಾಮೆರಾದ ಮುಂದೆ ತಾವು ಎಂದೂ ತೋರದ ಭಾವಗಳನ್ನೆಲ್ಲ ರೋಜರ್ಸ್ ಈ ಗೊಂಬೆಗಳ ಪಾಲಿಗೆ ಬಿಟ್ಟಿದ್ದರು. ಈ ಕಾರ್ಯಕ್ರಮದ ನಿಜವಾದ ಧೈರ್ಯ ಇರುವುದು ಅಲ್ಲಿಯೇ.

ಮೊದಲ ವಾರದ ಕಥೆಯನ್ನೇ ನೋಡಬಹುದು. ಲೇಡಿ ಎಲೇನ್ ಊರಿನ ವಸ್ತುಗಳನ್ನು ಅತ್ತಿಂದಿತ್ತ ಸರಿಸಿಬಿಡುತ್ತಾಳೆ. ಬದಲಾವಣೆ ಎಂದರೆ ಬೆದರುವ ರಾಜ ಫ್ರೈಡೇ ಗಡಿಗೆ ಕಾವಲು ಹಾಕಿಸುತ್ತಾನೆ, ಬೇಲಿ ಎಬ್ಬಿಸುತ್ತಾನೆ. ಕೊನೆಗೆ ಡೇನಿಯಲ್ ಮತ್ತು ಆ ಊರಿನಲ್ಲಿ ಗೊಂಬೆಗಳ ಜೊತೆಗಿರುವ ಮನುಷ್ಯ ಪಾತ್ರ ಲೇಡಿ ಅಬರ್ಲಿನ್ ಶಾಂತಿಯ ಸಂದೇಶಗಳನ್ನು ಬಲೂನಿಗೆ ಕಟ್ಟಿ ಹಾರಿಬಿಡುತ್ತಾರೆ. ವಿಯೆಟ್ನಾಂನಲ್ಲಿ ಅಮೆರಿಕ ಯುದ್ಧ ಮಾಡುತ್ತಿದ್ದ ಕಾಲ ಅದು. ಅದೇ ವರ್ಷದ ಜೂನ್‌ನಲ್ಲಿ ರಾಬರ್ಟ್ ಕೆನಡಿ ಹತ್ಯೆಯಾದಾಗ ರೋಜರ್ಸ್ ತರಾತುರಿಯಲ್ಲಿ ಒಂದು ವಿಶೇಷ ಕಂತು ಸಿದ್ಧಮಾಡಿದರು. ಅದರಲ್ಲಿ ಡೇನಿಯಲ್ ಲೇಡಿ ಅಬರ್ಲಿನ್ ಕೈಲಿ ಬಲೂನು ಊದಿಸಿ, ಗಾಳಿ ಬಿಡಿಸಿ, ಆ ಗಾಳಿ ಎಲ್ಲಿ ಹೋಯಿತೆಂದು ವಿಚಾರಿಸುತ್ತಾನೆ. ಆಮೇಲೆ, ಹತ್ಯೆ ಅಂದರೇನು ಎಂದು ಕೇಳುತ್ತಾನೆ. ಮಕ್ಕಳ ಕಾರ್ಯಕ್ರಮದಲ್ಲಿ ಸಾವನ್ನು ಇಷ್ಟು ನೇರವಾಗಿ, ಇಷ್ಟು ಮೃದುವಾಗಿ ಎದುರಿಸಿದ ದೃಶ್ಯಗಳು ವಿರಳ.

1983ರ ನವೆಂಬರ್‌ನಲ್ಲಿ ಅಣ್ವಸ್ತ್ರದ ಭಯ ದಟ್ಟವಾಗಿದ್ದಾಗ ಫ್ರೈಡೇ ಮತ್ತೆ ಬೆದರಿದ. ಪಕ್ಕದ ಊರು ಬಾಂಬು ಮಾಡಿಸುತ್ತಿದೆ ಎಂದು ನಂಬಿ ತಾನೂ ಬಾಂಬು ಮಾಡಿಸಿದ. ಆ ಊರಿನವರು ಮಾಡಿಸುತ್ತಿದ್ದದ್ದು ಸೇತುವೆಯ ಬಿಡಿಭಾಗ.

ಗೊಂಬೆಗಳ ಕುಶಲತೆಯ ಬಗ್ಗೆ ಹೇಳಬೇಕಾದ್ದು ಬೇರೆಯೇ ಇದೆ. 1969ರಲ್ಲಿ ಶುರುವಾದ ‘ಸೆಸಮಿ ಸ್ಟ್ರೀಟ್’ನಲ್ಲಿ ಜಿಮ್ ಹೆನ್ಸನ್ ಬಳಗದ ಮಪೆಟ್‌ಗಳು ಮಾತಿಗೆ ತಕ್ಕಂತೆ ಬಾಯಿ ತೆರೆದು ಮುಚ್ಚುತ್ತಿದ್ದವು, ಕುಣಿಯುತ್ತಿದ್ದವು. ರೋಜರ್ಸ್ ಅವರ ಕೈಗೊಂಬೆಗಳ ಬಾಯಿ ಅಲುಗುವುದಿಲ್ಲ. ತಲೆ ತುಸು ವಾಲುತ್ತದೆ, ಎರಡು ಪುಟ್ಟ ಕೈ ಒಂದನ್ನೊಂದು ಮುಟ್ಟುತ್ತವೆ, ಅಷ್ಟೇ. ಆದರೂ ಡೇನಿಯಲ್ ಉಸಿರಾಡುತ್ತಾನೆ. ಇದರ ಅರ್ಧ ಶ್ರೇಯಸ್ಸು ಲೇಡಿ ಅಬರ್ಲಿನ್ ಪಾತ್ರದ ಬೆಟ್ಟಿ ಅಬರ್ಲಿನ್‌ಗೆ ಸೇರಬೇಕು. ಮುಳ್ಳುಗಳಿಲ್ಲದ ಗಡಿಯಾರದೊಳಗೆ ವಾಸಿಸುವ ಹುಲಿಯ ಎದುರು ನಿಂತು ಆಕೆ ಕೇಳಿಸಿಕೊಳ್ಳುವ ರೀತಿ ಅಸಾಧಾರಣ. ಆಕೆ ನಂಬುತ್ತಾಳೆ, ಆದ್ದರಿಂದ ನೋಡುವ ಮಗುವೂ ನಂಬುತ್ತದೆ. ಹುಲಿಯನ್ನು ಕೊಂಡಾಡುವವರು ಈ ನಟಿಯನ್ನು ಇನ್ನೂ ಹೆಚ್ಚು ನೆನೆಯಬೇಕಿತ್ತು.

ಆಕೆ ಮತ್ತು ಡೇನಿಯಲ್ 1987ರಲ್ಲಿ ಹಾಡಿದ ಯುಗಳಗೀತೆ ಇಡೀ ಕಾರ್ಯಕ್ರಮದ ಶಿಖರ. ತಾನು ಬೇರೆ ಹುಲಿಗಳಂತಿಲ್ಲ, ತಾನು ಹುಟ್ಟಿದ್ದೇ ಒಂದು ತಪ್ಪಿರಬಹುದೇ ಎಂಬ ಅನುಮಾನ ಡೇನಿಯಲ್‌ಗೆ. ಲೇಡಿ ಅಬರ್ಲಿನ್ ಹಾಡಿ ಸಮಾಧಾನ ಹೇಳುತ್ತಾಳೆ. ಬೇರೆ ಯಾವ ಕಾರ್ಯಕ್ರಮವಾದರೂ ಅಲ್ಲಿಗೆ ಮುಗಿಸಿ ಹುಲಿಯನ್ನು ನಗಿಸುತ್ತಿತ್ತು. ಇಲ್ಲಿ ಎರಡನೇ ಸುತ್ತಿನಲ್ಲಿ ಇಬ್ಬರೂ ಏಕಕಾಲಕ್ಕೆ ಹಾಡುತ್ತಾರೆ: ಆಕೆಯ ಭರವಸೆಯ ಜೊತೆಗೇ ಅವನ ಅಳುಕೂ ಮುಂದುವರಿಯುತ್ತದೆ. ಒಂದು ಸಮಾಧಾನದ ಮಾತಿಗೆ ಮಗುವಿನ ನೋವು ಮಾಯವಾಗುವುದಿಲ್ಲ ಎಂಬುದನ್ನು ರೋಜರ್ಸ್ ಸಂಗೀತದ ಕಟ್ಟಿನಲ್ಲೇ ತೋರಿಸಿದರು. ಬಾಲ್ಯದಲ್ಲಿ ದಪ್ಪಗಿದ್ದು, ಕಾಯಿಲೆಬಿದ್ದು, ಸಹಪಾಠಿಗಳ ಕೀಟಲೆಗೆ ಗುರಿಯಾಗಿ ಗೊಂಬೆಗಳ ಜೊತೆ ಆಡಿಕೊಂಡಿದ್ದವರು ಅವರು. ಪಿಟ್ಸ್‌ಬರ್ಗ್‌ನ ಮಕ್ಕಳ ಮನಶ್ಶಾಸ್ತ್ರಜ್ಞೆ ಮಾರ್ಗರೆಟ್ ಮೆಕ್‌ಫಾರ್ಲೆಂಡ್ ಜೊತೆ ವರ್ಷಾನುಗಟ್ಟಲೆ ಕುಳಿತು ಚರ್ಚಿಸಿ ಬರೆಯುತ್ತಿದ್ದವರು. 2018ರಲ್ಲಿ ಮಾರ್ಗನ್ ನೆವಿಲ್ ನಿರ್ದೇಶಿಸಿದ ಸಾಕ್ಷ್ಯಚಿತ್ರ ಡೇನಿಯಲ್‌ನನ್ನೇ ಬಾಲಕ ರೋಜರ್ಸ್ ಆಗಿ ಚಿತ್ರಿಸಿದ್ದು ಸರಿಯಾಗಿಯೇ ಇದೆ.

ಇನ್ನು ಲೇಡಿ ಎಲೇನ್. ಅಭಿಮಾನಿಗಳ ನೆನಪು ಆಕೆಗೆ ಅನ್ಯಾಯ ಮಾಡಿದೆ. ‘ವಿಂಡ್‌ಸ್ಟಾರ್ಮ್ ಇನ್ ಬಬಲ್‌ಲ್ಯಾಂಡ್’ ಎಂಬ 1980ರ ಗೀತನಾಟಕದಲ್ಲಿ ಗುಳ್ಳೆಗಳ ಊರಿನ ಜನ ತಮ್ಮಲ್ಲಿ ತೊಂದರೆಯೇ ಇಲ್ಲ ಎಂದು ಬೀಗುತ್ತಿರುವಾಗ, ಬಿರುಗಾಳಿ ಬರುತ್ತದೆ ಎಂದು ಎಚ್ಚರಿಸುವ ಹಕ್ಕಿಯ ಪಾತ್ರ ಆಕೆಯದೇ. ಯಾರೂ ಆಕೆಯನ್ನು ನಂಬುವುದಿಲ್ಲ. ಗಡಸು ಹೆಣ್ಣೊಬ್ಬಳ ಬಾಯಲ್ಲಿ ಸತ್ಯ ಹೇಳಿಸಿದ್ದು, ಕೆಡುಕಿ ಎನಿಸಿಕೊಂಡವಳನ್ನು ಊರು ಹೊರಗಟ್ಟದೆ ಜೊತೆಗಿಟ್ಟುಕೊಂಡಿದ್ದು, ಸಿಟ್ಟಿನ ಮಗುವಿಗೆ ಆ ಕಾರ್ಯಕ್ರಮ ಕೊಟ್ಟ ದೊಡ್ಡ ಆಸರೆ.

ಕೊರತೆಗಳೂ ಇವೆ. ಹೆನ್ರಿಯೆಟ್ಟಾಳ ಮಿಯಾಂವ್ ಬೆರೆತ ಮಾತು ಬೇಗ ದಣಿಸುತ್ತದೆ. ಕೆಲವು ಕಥೆಗಳು ವಾರಕ್ಕೆ ಸಾಲದೆ ಎಳೆದಾಡುತ್ತವೆ. ಫ್ರೈಡೇ ಎಷ್ಟು ಸಲ ತಪ್ಪೊಪ್ಪಿಕೊಂಡರೂ ಅಪ್ಪಣೆ ಕೊಡುವ ರಾಜನಾಗಿಯೇ ಉಳಿಯುತ್ತಾನೆ. ಆ ಅಧಿಕಾರವನ್ನೇ ಪ್ರಶ್ನಿಸುವಷ್ಟು ದೂರ ಈ ಊರು ಹೋಗಲಿಲ್ಲ.

2012ರಲ್ಲಿ ಬಂದ ‘ಡೇನಿಯಲ್ ಟೈಗರ್ಸ್ ನೈಬರ್‌ಹುಡ್’ ಎಂಬ ಆ್ಯನಿಮೇಶನ್ ಸರಣಿಯಲ್ಲಿ ಹಳೆಯ ಗೊಂಬೆಗಳ ಮಕ್ಕಳ ಕಾಲ ಶುರುವಾಯಿತು. ಕಂತಿಗೊಂದು ಪುಟ್ಟ ಪಲ್ಲವಿ, ಅದರಲ್ಲೇ ಪರಿಹಾರ. ಹಲ್ಲುಜ್ಜಿಸಲು, ಸರದಿ ಕಾಯುವುದನ್ನು ಕಲಿಸಲು ತಂದೆತಾಯಿಗೆ ಅದು ಉಪಯುಕ್ತ. ಆದರೆ ಲೇಡಿ ಎಲೇನ್‌ಳ ಮೊನಚು ಅಲ್ಲಿ ಸವೆದುಹೋಗಿದೆ, ಉತ್ತರ ಸಿಗದ ಅಳುಕಿಗೆ ಜಾಗವಿಲ್ಲ. ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರ ಮನೆಗಳಲ್ಲಿ ಆ ಹೊಸ ಡೇನಿಯಲ್ ಓಡುತ್ತಿದ್ದರೆ, ಒಂದು ಸಂಜೆ ಅದನ್ನು ನಿಲ್ಲಿಸಿ 1987ರ ಯುಗಳಗೀತೆ ಹಾಕಿ. ಮಕ್ಕಳ ಜೊತೆ ಕುಳಿತು ನೋಡಿ, ಮುಗಿದ ಮೇಲೆ ಅವರು ಏನಾದರೂ ಕೇಳಿದರೆ ಅವಸರ ಮಾಡದೆ ಉತ್ತರಿಸಿ.