ವಾದ್ಯವೃಂದದ ಪರಿಕಲ್ಪನೆ: ಮೈಸೂರಿನ ಮೆಚ್ಚುಗೆ, ಸವಣೂರು ಸೀಮೆಯ ಮೇಳ

ಇಪ್ಪತ್ತನೆಯ ಶತಮಾನದ ಕರ್ನಾಟಕದ ವಾದ್ಯವೃಂದವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಮೈಸೂರು ಅರಮನೆಯಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಬರೆದಿಟ್ಟ ಸ್ವರಲಿಪಿ, ಎದುರಿಗೆ ನಿಂತ ನಿರ್ದೇಶಕ, ಕುಳಿತು ಕೇಳುವ ಸಭೆ ಎಂಬ ಮೂರು ಅಂಶಗಳಿದ್ದರೆ ಮಾತ್ರ ಅದು ವಾದ್ಯವೃಂದ ಎಂಬ ತಿಳಿವಳಿಕೆ ಈ ಚರ್ಚೆಯ ಹಿಂದೆ ಕೆಲಸ ಮಾಡಿದೆ. ಈ ಅಳತೆಗೋಲನ್ನು ಹಿಡಿದು ಸವಣೂರು, ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರುಗಳ ಕಡೆ ನೋಡಿದರೆ ಅಲ್ಲಿ ಅಳೆಯುವುದಕ್ಕೆ ಏನೂ ಸಿಕ್ಕುವುದಿಲ್ಲ. ಜಾನಪದ ಅಧ್ಯಯನವು ಈ ಕೊರತೆಯನ್ನು ತುಂಬುವ ಉತ್ಸಾಹದಲ್ಲಿ 'ಜಾನಪದ ಆರ್ಕೆಸ್ಟ್ರಾ' ಎಂಬ ಹೆಸರನ್ನು ತಂದಿತಾದರೂ ಅಳತೆಗೋಲನ್ನು ಬದಲಿಸಲಿಲ್ಲ. ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಕೇಳುಗರ ಮೆಚ್ಚುಗೆಯ ದಿಕ್ಕಿನಿಂದ ಪರಿಶೀಲಿಸುತ್ತದೆ. ಒಂದು ವಾದ್ಯಸಮೂಹವನ್ನು ಮೆಚ್ಚಿದವರು ಅದಕ್ಕಾಗಿ ಏನು ಮಾಡಿದರು, ಆ ಮೆಚ್ಚುಗೆಯಿಂದ ಏನು ಉಳಿಯಿತು ಎಂಬುದು ಇಲ್ಲಿನ ವಿಚಾರ.

ಮೆಚ್ಚುಗೆಯ ಅತ್ಯಂತ ಸ್ಪಷ್ಟ ನಿದರ್ಶನ ಮೈಸೂರಿನದೇ. ಜಯಚಾಮರಾಜ ಒಡೆಯರು (1919–1974) ಕರ್ನಾಟಕ ಸಂಗೀತದ ವಾಗ್ಗೇಯಕಾರರಾಗಿ ಪ್ರಸಿದ್ಧರು. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ರೂಪುಗೊಂಡ ಅವರ ತೊಂಬತ್ತಕ್ಕೂ ಹೆಚ್ಚು ಕೃತಿಗಳು 'ಶ್ರೀವಿದ್ಯಾ' ಅಂಕಿತದಲ್ಲಿವೆ. ಆದರೆ ಅವರ ಮೊದಲ ಒಲವು ಪಾಶ್ಚಾತ್ಯ ಸಂಗೀತದ ಕಡೆಗಿತ್ತು. ಲಂಡನ್ನಿನ ಗಿಲ್ಡ್‌ಹಾಲ್ ಮತ್ತು ಟ್ರಿನಿಟಿ ಸಂಗೀತ ಸಂಸ್ಥೆಗಳ ಮನ್ನಣೆ ಅವರಿಗಿತ್ತು. 1940ರಲ್ಲಿ ತಂದೆಯವರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡು ಪಟ್ಟದ ಹೊಣೆ ಬಿದ್ದ ಮೇಲೆ ಈ ಒಲವು ಪೋಷಣೆಯ ರೂಪ ತಾಳಿತು. ನಾಲ್ವಡಿಯವರ ಕಾಲದಲ್ಲಿಯೇ ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡೂ ಕರ್ನಾಟಕ ಬ್ಯಾಂಡೂ ಇದ್ದವು. ಜರ್ಮನಿಯ ಒಟ್ಟೊ ಸ್ಮಿತ್ ಅಲ್ಲಿ ನಿರ್ದೇಶಕರಾಗಿದ್ದರು. ವೀಣೆ ವೆಂಕಟಗಿರಿಯಪ್ಪನವರು 'ನಗ್ಮಾ' ಎಂಬ ಹೊಸ ಬಗೆಯ ವಾದ್ಯರಚನೆಗಳನ್ನು ಮಾಡಿದ್ದರು. ಹೀಗಾಗಿ ಜಯಚಾಮರಾಜರ ಕಿವಿ ಬರಿಯ ಗ್ರಾಮಫೋನಿನಿಂದ ತಯಾರಾದುದಲ್ಲ.

ಅವರು ಮೆಚ್ಚಿದ್ದು ಯಾರನ್ನು ಎಂಬುದು ಗಮನಾರ್ಹ. ನಿಕೊಲಾಯ್ ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, 1921ರಲ್ಲಿ ರಷ್ಯ ತೊರೆದು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ ರಚನಕಾರ. ಯುರೋಪಿನ ಹೊಸ ಸಂಗೀತದ ಭರಾಟೆಯಲ್ಲಿ ಅವನು ಹಿಂದೆ ಬಿದ್ದವನೆಂದು ಎಣಿಸಲಾಗಿತ್ತು; ಅವನಾದರೂ ತನ್ನ ಕಾಲದ ಹೊಸತನವನ್ನು ಒಪ್ಪದೆ 1935ರಲ್ಲಿ 'ಕಲಾದೇವಿ ಮತ್ತು ಫ್ಯಾಷನ್' ಎಂಬರ್ಥದ ಶೀರ್ಷಿಕೆಯ ಪುಸ್ತಕವನ್ನೇ ಬರೆದಿದ್ದ. ಇಂಥವನಿಗಾಗಿ 1940ರ ದಶಕದ ಉತ್ತರಾರ್ಧದಲ್ಲಿ ಮೈಸೂರಿನ ಹಣದಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು. ಆರೋಗ್ಯ ಕೆಟ್ಟಿದ್ದ ಮೆಟ್ನರ್ ತನ್ನ ಮೂರೂ ಪಿಯಾನೊ ಕನ್ಚರ್ಟೊಗಳಲ್ಲಿ ತಾನೇ ಪಿಯಾನೊ ನುಡಿಸಿ, ಫಿಲ್‌ಹಾರ್ಮೋನಿಯ ಆರ್ಕೆಸ್ಟ್ರಾದೊಂದಿಗೆ ಧ್ವನಿಮುದ್ರಿಸಿದ. ಮೂರನೆಯದನ್ನು ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ಅವನು ತೀರಿಕೊಂಡಾಗ ಅವನ ನುಡಿಸಾಣಿಕೆ ಉಳಿದಿತ್ತು. ಲಂಡನ್ ಮರೆಯಲು ಸಿದ್ಧವಾಗಿದ್ದ ಸಂಗೀತವೊಂದನ್ನು ಮೈಸೂರಿನ ಕೇಳುಗರೊಬ್ಬರು ಉಳಿಸಿಕೊಟ್ಟರು.

ಇನ್ನೊಂದು ಪ್ರಸಂಗ ಇದಕ್ಕಿಂತ ಹೆಚ್ಚು ಪ್ರಸಿದ್ಧ. 1949ರಲ್ಲಿ ನಿಧನನಾದ ರಿಚರ್ಡ್ ಸ್ಟ್ರಾಸ್‌ನ 'ಕೊನೆಯ ನಾಲ್ಕು ಗೀತೆಗಳು' ಮೊದಲ ಬಾರಿಗೆ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವಳು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವನು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ಕಾರ್ಯಕ್ರಮಕ್ಕೆ 4,800 ಡಾಲರುಗಳ ಖಾತರಿ ನೀಡಿದವರು ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದ ಜಯಚಾಮರಾಜರು. ಅವರು ಅಲ್ಲಿರಲಿಲ್ಲ, ಅಂದಿನ ಧ್ವನಿಮುದ್ರಣ ಅವರ ಸಂಗ್ರಹಕ್ಕಾಗಿ ಮೈಸೂರಿಗೆ ಬಂತು. ಸ್ವರಲಿಪಿ ಇದ್ದ ಮಾತ್ರಕ್ಕೆ ಸಂಗೀತ ಉಳಿಯುತ್ತದೆ ಎಂಬ ನಂಬಿಕೆಯನ್ನು ಈ ಎರಡು ಪ್ರಸಂಗಗಳೂ ಅಲುಗಿಸುತ್ತವೆ. ಅತ್ಯಂತ ಕಟ್ಟುನಿಟ್ಟಾಗಿ ಬರೆದಿಟ್ಟ ಸಂಗೀತಕ್ಕೂ ಅದರ ನುಡಿಯುವ ದೇಹ ಉಳಿಯಬೇಕಾದರೆ ಮೆಚ್ಚಿದವನೊಬ್ಬ ಬೇಕಾಯಿತು.

ಆ ವರ್ಷಗಳಲ್ಲಿ ಸವಣೂರು ಮೈಸೂರಿಗೆ ಹೊರನಾಡು. ನವಾಬರ ಸಂಸ್ಥಾನವಾಗಿದ್ದ ಅದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರ ನವೆಂಬರ್ 1ರಂದು ಮೈಸೂರಿನೊಂದಿಗೆ ಒಂದೇ ರಾಜ್ಯದೊಳಕ್ಕೆ ಬಂತು. ಆದರೆ ಈ ಸೀಮೆಯ ಸಮೂಹವಾದನದ ನೆನಪು ಅರಮನೆ ಬ್ಯಾಂಡಿಗಿಂತ ಬಹಳ ಹಳೆಯದು. ಹಾನಗಲ್ಲಿನ ಕದಂಬರ ಬಿರುದಾವಳಿಯಲ್ಲಿ 'ಪೆರ್ಮಟ್ಟಿ' ಎಂಬ ತೂರ್ಯದ ಘೋಷ ಸೇರಿದೆ. 'ಸಮಧಿಗತ ಪಂಚಮಹಾಶಬ್ದ' ಎಂಬುದಂತೂ ಮಾಂಡಲಿಕರ ಶಾಸನಗಳ ಸಾಮಾನ್ಯ ವಿಶೇಷಣ. ವಾದ್ಯಗಳ ಕೂಟವೊಂದು ಅಧಿಕಾರದ ಲಾಂಛನವಾಗಿ, ಲಾಂಛನವನ್ನು ಹೊತ್ತು ನಡೆಯುವ ಮೆರವಣಿಗೆಯಾಗಿ ಇಲ್ಲಿ ಬಳಕೆಯಲ್ಲಿತ್ತು. ನಾಟ್ಯಶಾಸ್ತ್ರದ 'ಕುತಪ' ರಂಗದ ಮೇಲೆ ಕುಳಿತ ವಾದ್ಯಸಮೂಹವಾದರೆ, ಶಾಸನಗಳ ತೂರ್ಯ ನಡೆಯುವ ವಾದ್ಯಸಮೂಹ. ಈ ವ್ಯತ್ಯಾಸವನ್ನು ನಮ್ಮ ವಾದ್ಯಚರಿತ್ರೆಗಳು ಸಾಕಷ್ಟು ಗಮನಿಸಿಲ್ಲ.

ಉತ್ತರ ಕರ್ನಾಟಕದ ಕರಡಿ ಮಜಲು ಈ ನಡೆಯುವ ಪರಂಪರೆಗೆ ಸೇರಿದ್ದು. ಕೊರಳಿಗೆ ಹಾಕಿಕೊಂಡು ಬಾರಿಸುವ ಇಮ್ಮುಖದ ಕರಡಿ, ಸ್ವರ ಎತ್ತುವ ಸನಾದಿ, ಅದಕ್ಕೆ ಶ್ರುತಿ, ಜೊತೆಗೆ ತಾಳ: ಇಷ್ಟೇ ಇದರ ಸಾಮಗ್ರಿ. ಕರಡಿಯ ಗುಟುರನ್ನು ಹೋಲುವ ದನಿಯಿಂದ ವಾದ್ಯಕ್ಕೆ ಆ ಹೆಸರು ಬಂತೆಂದು ಜನ ವಿವರಿಸುತ್ತಾರೆ. ಮಜಲು ಎಂಬ ಮಾತಿಗೆ ಪ್ರಯಾಣದ ಹಂತ, ತಂಗುದಾಣ ಎಂಬ ಅರ್ಥ ಕನ್ನಡದಲ್ಲಿ ರೂಢಿಯಲ್ಲಿದೆ; ವ್ಯುತ್ಪತ್ತಿ ಏನೇ ಇರಲಿ, ಮೇಳದ ನಡೆ ಆ ಅರ್ಥಕ್ಕೆ ಚೆನ್ನಾಗಿ ಒಗ್ಗುತ್ತದೆ. ಪಲ್ಲಕ್ಕಿ ಗುಡಿಯಿಂದ ಎದ್ದಾಗ ಲಯ ಸಾವಕಾಶ. ಓಣಿಯ ತಿರುವಿನಲ್ಲಿ, ಕಟ್ಟೆಯ ಮುಂದೆ, ಅಗಸಿಯಲ್ಲಿ ಮೆರವಣಿಗೆ ನಿಲ್ಲುತ್ತದೆ. ನಿಂತಲ್ಲಿ ಲಯ ಏರುತ್ತದೆ, ಕರಡಿಯವರು ಎದುರುಬದುರಾಗಿ ತಮ್ಮ ಕೈಚಳಕ ತೋರುತ್ತಾರೆ. ಮುತ್ತೈದೆಯರು ಆರತಿ ಹಿಡಿದು ಬಂದರೆ ಸನಾದಿ ಮುಂದಾಗಿ ಕರಡಿ ಹಿಂದೆ ಸರಿಯುತ್ತದೆ. ಯಾರೂ ಕೈಯೆತ್ತಿ ಸನ್ನೆ ಮಾಡಬೇಕಾಗಿಲ್ಲ. ಮೇಳದ ಅಷ್ಟೂ ಜನರ ಕಣ್ಣು ಒಂದು ಕಡೆಗಿರುತ್ತದೆ: ಪಲ್ಲಕ್ಕಿಯ ಕಡೆಗೆ, ಮದುವೆಯಾದರೆ ಮದುಮಕ್ಕಳ ಕಡೆಗೆ. ಇಲ್ಲಿನ ನಿರ್ದೇಶಕ ಹೊತ್ತು ತಂದ ದೇವರು. ಸಿಂಫನಿಯ ಮುಕ್ತಾಯ ಬರೆದಿಟ್ಟದ್ದು. ಮಜಲಿನ ಮುಕ್ತಾಯ ಹೊಸ್ತಿಲು ಮುಟ್ಟಿದಾಗ ಬರುವಂಥದ್ದು. ಹಾದಿ ಉದ್ದವಾದರೆ ಸಂಗೀತವೂ ಉದ್ದ.

ಮೆಚ್ಚುಗೆಯ ವ್ಯವಸ್ಥೆಯೂ ಇದಕ್ಕೆ ತಕ್ಕಂತೆ ಬೇರೆ. ಮೇಳವನ್ನು ಕರೆಯುವುದು ವೀಳ್ಯ ಕೊಟ್ಟು. ವೀಳ್ಯದೆಲೆಗೆ ಹೆಸರಾದ ಸವಣೂರಿನಲ್ಲಿ ಈ ಮಾತಿಗೆ ವಿಶೇಷ ಕಳೆಯುಂಟು. ವೀಳ್ಯ ಕೊಡುವವನು ಇಂಥ ರಚನೆ ಬೇಕೆಂದು ಹೇಳುವುದಿಲ್ಲ, ಇಂಥ ದಿನ ಇಂಥ ಕಾರ್ಯ ಎಂದು ಹೇಳುತ್ತಾನೆ. ಮೈಸೂರಿನ ಮೆಚ್ಚುಗೆ ಒಂದು ಕೃತಿಯನ್ನು ಉಳಿಸಿತು. ಸವಣೂರು ಸೀಮೆಯ ಮೆಚ್ಚುಗೆ ಮುಂದಿನ ವರ್ಷದ ಜಾತ್ರೆಗೂ ಅದೇ ಮೇಳ ಬರುವಂತೆ ನೋಡಿಕೊಂಡಿತು. ಈ ವ್ಯವಸ್ಥೆಯನ್ನು ಸೌಹಾರ್ದದ ಚಿತ್ರವೆಂದು ಬಣ್ಣಿಸುವುದೂ ಸಲ್ಲದು. ಸನಾದಿ ನುಡಿಸುವ ಭಜಂತ್ರಿ ಸಮುದಾಯ, ಹಲಗಿ ಬಾರಿಸುವ ದಲಿತ ಸಮುದಾಯ ಮೆರವಣಿಗೆಯ ಮುಂದಿದ್ದರೂ ಹೊಸ್ತಿಲಿನ ಹೊರಗೇ ನಿಂತವು. ಸಂಗೀತದ ಮುಕ್ತಾಯವನ್ನು ಹೊಸ್ತಿಲು ನಿರ್ಧರಿಸುತ್ತದೆ ಎಂಬ ಮಾತಿಗೆ ಈ ಕಹಿಯೂ ಸೇರಿದೆ. ವೀಳ್ಯವನ್ನು ನಿರಾಕರಿಸುವ ಸ್ವಾತಂತ್ರ್ಯ ಈ ಕಲಾವಿದರಿಗೆ ಎಷ್ಟಿತ್ತು ಎಂಬ ಪ್ರಶ್ನೆಯನ್ನು ವಾದ್ಯಗಳ ಪಟ್ಟಿ ಮಾಡುವ ಸಮೀಕ್ಷೆಗಳು ಕೇಳಿಲ್ಲ.

ಈ ಸೀಮೆಯ ಜನ ಕುಳಿತು ಕೇಳಿದ ವಾದ್ಯಸಮೂಹವೆಂದರೆ ಕಂಪನಿ ನಾಟಕದ್ದು. ಹಾನಗಲ್ಲು ತಾಲ್ಲೂಕಿನಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳ ಸಂಗೀತಶಿಕ್ಷಣದ ಪೋಷಣೆಗೆ ನಾಟಕ ಕಂಪನಿಯನ್ನು ಆಶ್ರಯಿಸಿದರು. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ಹಾಡಿದ್ದು ವಾಮನರಾವ ಮಾಸ್ತರರ ಕಂಪನಿಯಲ್ಲಿ. ಕಾಲಿನಿಂದ ಗಾಳಿ ಒತ್ತುವ ಹಾರ್ಮೋನಿಯಂ, ತಬಲಾ, ಕೆಲವೆಡೆ ಕ್ಲಾರಿಯೋನೆಟ್ ಇವಿಷ್ಟರ ಕೂಟ ಪರದೆ ಏಳುವ ಮೊದಲೇ ಊರನ್ನು ಹಿಡಿದು ಕೂರಿಸುತ್ತಿತ್ತು. ಇದರ ನಾಯಕ ಹಾರ್ಮೋನಿಯಂ ಮಾಸ್ತರ. ನಟನ ಉಸಿರು ಎಲ್ಲಿ ತಗ್ಗಿತೆಂದು ಅರಿತು ಅಲ್ಲಿ ಸ್ವರ ತುಂಬುವುದು, 'ಒನ್ಸ್ ಮೋರ್' ಬಂದರೆ ಸಿದ್ಧನಿರುವುದು ಅವನ ಕೆಲಸ.

ಇದೇ ಹಾರ್ಮೋನಿಯಮ್ಮನ್ನು ಆಕಾಶವಾಣಿ 1940ರಲ್ಲಿ ಹೊರಗಿಟ್ಟಿತು. ನಿಷೇಧ ಸಡಿಲಗೊಳ್ಳತೊಡಗಿದ್ದು 1971ರಲ್ಲಿ. ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದ 1950ರಲ್ಲಿ ಈ ನಿಷೇಧ ಜಾರಿಯಲ್ಲಿತ್ತು. ಈ ವಾದ್ಯದ ವಿರುದ್ಧ ಕಟುವಾಗಿ ಬರೆದವರಲ್ಲಿ ಪ್ರಮುಖ ಜಾನ್ ಫೌಲ್ಡ್ಸ್. ಮ್ಯಾಂಚೆಸ್ಟರಿನ ಈ ರಚನಕಾರ 1935ರಲ್ಲಿ ಭಾರತಕ್ಕೆ ಬಂದು, ದೆಹಲಿ ಆಕಾಶವಾಣಿಯ ಪಾಶ್ಚಾತ್ಯ ಸಂಗೀತ ವಿಭಾಗವನ್ನು ನೋಡಿಕೊಂಡು, ಭಾರತೀಯ ವಾದ್ಯಗಳನ್ನೂ ಸೇರಿಸಿಕೊಂಡ ಆರ್ಕೆಸ್ಟ್ರಾ ಒಂದನ್ನು ಕಟ್ಟಲು ಹೊರಟು, 1939ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ. ಶ್ರುತಿಸೂಕ್ಷ್ಮದ ದೃಷ್ಟಿಯಿಂದ ಅವನ ಆಕ್ಷೇಪ ನಿರಾಧಾರವಾದುದಲ್ಲ. ಆದರೆ 1952ರಲ್ಲಿ ರವಿಶಂಕರರ ನೇತೃತ್ವದಲ್ಲಿ ರಾಷ್ಟ್ರೀಯ ವಾದ್ಯವೃಂದ ರೂಪುಗೊಂಡಾಗ ಸವಣೂರಿನ ಸಾಮಾನ್ಯ ಕೇಳುಗನು ಅತ್ಯಂತ ಪ್ರೀತಿಸಿದ ವಾದ್ಯ ಬಾನುಲಿಯ ಹೊರಗೇ ಇತ್ತು ಎಂಬುದು ಯೋಚಿಸತಕ್ಕ ಸಂಗತಿ. ಭಾರತೀಯ ವಾದ್ಯವೃಂದ ಯಾವುದೆಂಬ ನಿರ್ಣಯದಲ್ಲಿ ಅವನ ಮೆಚ್ಚುಗೆಗೆ ಮತವಿರಲಿಲ್ಲ.

ಮದುವೆಯ ಬ್ಯಾಂಡಿನ ವಿಷಯ ಹೆಚ್ಚು ವಿಸ್ತರಿಸಬೇಕಾಗಿಲ್ಲ. ಅರಮನೆಯ ಬ್ಯಾಂಡಿನಲ್ಲಿ ಸ್ವರಲಿಪಿ ನೋಡಿ ನುಡಿಸಿದ ಜಾತಿಯ ಹಿತ್ತಾಳೆ ವಾದ್ಯಗಳನ್ನೇ ಇಲ್ಲಿ ಕಿವಿಯಿಂದ ಕಲಿತು ಸಿನಿಮಾ ಹಾಡಿಗೆ ಒಗ್ಗಿಸಲಾಯಿತು ಎಂದರೆ ಸಾಕು. 1977ರ 'ಸನಾದಿ ಅಪ್ಪಣ್ಣ' ಚಿತ್ರದ್ದು ಸ್ವಲ್ಪ ಬೇರೆ ಕಥೆ. ಹಳ್ಳಿಯ ಸನಾದಿಯವನ ಬಾಳನ್ನು ಕುರಿತ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ ತೆರೆಗೆ ಬಂದಾಗ ಅಪ್ಪಣ್ಣನ ಸನಾದಿಗೆ ಉಸಿರು ಕೊಟ್ಟವರು ಉಸ್ತಾದ್ ಬಿಸ್ಮಿಲ್ಲಾ ಖಾನರು. ಚಿತ್ರ ಜನರನ್ನು ಗೆದ್ದದ್ದು ನಿಜ. ಸನಾದಿಯ ಗೌರವ ಬನಾರಸಿನ ಶಹನಾಯಿಯ ಮೂಲಕ ಬರಬೇಕಾಯಿತು ಎಂಬುದೂ ನಿಜ.

ಶಿಶುನಾಳ ಶರೀಫರ (1819–1889) ಪದಗಳ ಉದಾಹರಣೆ ಇದಕ್ಕಿಂತ ತೊಡಕಿನದು. ಸವಣೂರಿನ ನೆರೆಯ ಶಿಗ್ಗಾವಿ ತಾಲ್ಲೂಕಿನ ಈ ತತ್ತ್ವಪದಗಳು ಏಕತಾರಿ, ದಮ್ಮಡಿ, ತಾಳಗಳ ಭಜನಾ ಮೇಳದಲ್ಲಿ ಬೆಳೆದುಬಂದವು. ಸಿ. ಅಶ್ವತ್ಥರು 1990ರ 'ಸಂತ ಶಿಶುನಾಳ ಶರೀಫ' ಚಿತ್ರದಲ್ಲಿಯೂ ವೇದಿಕೆಗಳಲ್ಲಿಯೂ ಇವಕ್ಕೆ ದೊಡ್ಡ ವಾದ್ಯವೃಂದ ಜೋಡಿಸಿ ನಾಡಿನ ಮನೆಮನೆಗೆ ಮುಟ್ಟಿಸಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಅವರ 'ಕನ್ನಡವೇ ಸತ್ಯ' ಆ ಮೆಚ್ಚುಗೆಯ ಶಿಖರ. ಇದು ಪದಗಳ ಪುನರ್ಜನ್ಮವೆಂಬ ಪ್ರಶಂಸೆಯನ್ನೂ ಅಪಚಾರವೆಂಬ ಆಕ್ಷೇಪವನ್ನೂ ಪೂರ್ತಿ ಒಪ್ಪಲಾಗದು. ಭಜನಾ ಮೇಳದಲ್ಲಿ ಒಂದು ಸಾಲನ್ನು ಮುಮ್ಮೇಳ ಎತ್ತಿ ಹಿಮ್ಮೇಳ ಮರಳಿಸುವಾಗ, ಅರ್ಥ ತಟ್ಟುವವರೆಗೆ ಸಾಲು ತಿರುಗುತ್ತಲೇ ಇರುತ್ತದೆ. ಧ್ವನಿಸುರುಳಿಯಲ್ಲಿ ಪಲ್ಲವಿ ಎಷ್ಟು ಸಲ, ನಡುವಿನ ವಾದ್ಯಭಾಗ ಎಷ್ಟು ಹೊತ್ತು ಎಂಬುದು ಮೊದಲೇ ನಿಗದಿಯಾಗಿದೆ. ಅಶ್ವತ್ಥರ ಕಂಠದ ಒರಟು ಕಸುವು ಈ ಕಟ್ಟನ್ನು ಎಷ್ಟೋ ಕಡೆ ಒಡೆದು ಹೊರಬರುತ್ತದೆ. ಅವರನ್ನು ಅನುಕರಿಸಿದವರಲ್ಲಿ ಕಟ್ಟು ಮಾತ್ರ ಉಳಿದಿದೆ.

ಈ ಹಿನ್ನೆಲೆಯಲ್ಲಿ ಉತ್ಸವಗಳ ಜಾನಪದ ಆರ್ಕೆಸ್ಟ್ರಾವನ್ನು ನೋಡಬೇಕು. ಕರಡಿ, ಡೊಳ್ಳು, ಹುಬ್ಬಳ್ಳಿ ಭಾಗದ ಜಗ್ಗಲಿಗೆ, ಕಂಸಾಳೆ, ತಮಟೆಗಳನ್ನು ಒಂದು ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ ಒಬ್ಬರ ಸನ್ನೆಗೆ ಒಂದೇ ಲಯದಲ್ಲಿ ನುಡಿಸಿದಾಗ ಹುಟ್ಟುವ ಸದ್ದು ರೋಮಾಂಚಕಾರಿ. ಆದರೆ ಹೋಳಿಯ ಓಣಿಯಲ್ಲಿ ಉರುಳಿಸಿಕೊಂಡು ಹೋಗಬೇಕಾದ ಜಗ್ಗಲಿಗೆ ಅಲ್ಲಿ ನಿಂತಲ್ಲೇ ನಿಲ್ಲುತ್ತದೆ. ಕರಡಿಯವರು ಪಲ್ಲಕ್ಕಿಯನ್ನು ಬಿಟ್ಟು ಸನ್ನೆಯ ಕೈಯನ್ನು ನೋಡುತ್ತಾರೆ. ಮೈಸೂರು ದಸರೆಯ ಜಂಬೂ ಸವಾರಿ ಈ ದೃಷ್ಟಿಯಿಂದ ವೇದಿಕೆಗಿಂತ ಮೇಲು. ಅರಮನೆಯ ಬ್ಯಾಂಡಿನ ಪರಂಪರೆಯನ್ನು ಮುಂದುವರಿಸಿದ ಪೊಲೀಸ್ ಬ್ಯಾಂಡೂ ಉತ್ತರದ ಕರಡಿ ಮಜಲೂ ಅಂದು ಒಂದೇ ಬೀದಿಯಲ್ಲಿ ನಡೆಯುತ್ತವೆ, ಮಜಲಿಗೆ ಅದರ ಹಾದಿಯಾದರೂ ಸಿಕ್ಕುತ್ತದೆ.

ದಾಖಲಾತಿಯ ಕ್ರಮವೂ ಇದನ್ನು ಅನುಸರಿಸಿ ಬದಲಾಗಬೇಕಾಗಿದೆ. ಕಲಾವಿದರನ್ನು ಸ್ಟುಡಿಯೋಕ್ಕೆ ಕರೆಸಿ ಹತ್ತು ನಿಮಿಷದ ಮಾದರಿ ಪಡೆಯುವುದರಿಂದ ವಾದ್ಯದ ದನಿ ಸಿಕ್ಕೀತು, ಮಜಲು ಸಿಕ್ಕುವುದಿಲ್ಲ. ಮೆಟ್ನರ್‌ನ ಮೂರು ಕನ್ಚರ್ಟೊಗಳನ್ನು ಇಡಿಯಾಗಿ, ಅವನದೇ ಕೈಯಲ್ಲಿ ಮುದ್ರಿಸಬೇಕೆಂದು ಜಯಚಾಮರಾಜರು ಹಣ ತೆತ್ತರು. ಆಯ್ದ ಭಾಗಗಳು ಸಾಕೆನ್ನಲಿಲ್ಲ. ಸವಣೂರು ಸೀಮೆಯ ಒಂದು ಮೇಳವನ್ನು ವೀಳ್ಯ ಕೊಟ್ಟ ಗಳಿಗೆಯಿಂದ ಪಲ್ಲಕ್ಕಿ ಮರಳಿ ಗುಡಿ ಸೇರುವವರೆಗೆ, ನಿಂತ ಪ್ರತಿ ಅಗಸಿಯ ಹೆಸರು, ಅಲ್ಲಿ ಬದಲಾದ ಲಯ, ಸನಾದಿಯವನಿಗೆ ಸಂದ ಸಂಭಾವನೆ, ಅವನು ಊಟ ಮಾಡಿದ ಜಾಗ ಇವೆಲ್ಲವುಗಳೊಂದಿಗೆ ದಾಖಲಿಸಲು ಒಂದು ರಾತ್ರಿ ಮತ್ತು ಮರುದಿನದ ಬೆಳಗು ಸಾಕು.