ಮೆಲುಕು ಮತ್ತು ಸೀಳುಗೊರಸು: ಶುದ್ಧಾಶುದ್ಧ ಪ್ರಾಣಿಗಳ ಕ್ರೈಸ್ತ ಸಂಕೇತಾರ್ಥವನ್ನು ಕುರಿತು

ಹೀಬ್ರೂ ಧರ್ಮಗ್ರಂಥದ ಯಾಜಕಕಾಂಡದ 11ನೆಯ ಅಧ್ಯಾಯದಲ್ಲಿಯೂ ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದಲ್ಲಿಯೂ ತಿನ್ನತಕ್ಕ ಪ್ರಾಣಿಗಳಾವುವು, ತಿನ್ನಬಾರದವು ಯಾವುವು ಎಂಬ ವಿಧಿನಿಷೇಧಗಳು ಬರುತ್ತವೆ. ನೆಲದ ಪ್ರಾಣಿಗಳಿಗೆ ಎರಡು ಲಕ್ಷಣಗಳನ್ನು ಹೇಳಿದೆ: ಗೊರಸು ಸೀಳಿರಬೇಕು, ಮೆಲುಕು ಹಾಕಬೇಕು. ನೀರಿನ ಪ್ರಾಣಿಗಳಿಗೆ ಈಜುರೆಕ್ಕೆಯೂ ಪರೆಯೂ ಇರಬೇಕು. ಹಕ್ಕಿಗಳಿಗೆ ಲಕ್ಷಣವನ್ನು ಹೇಳದೆ ನಿಷಿದ್ಧವಾದವುಗಳ ಹೆಸರುಗಳನ್ನಷ್ಟೇ ಕೊಟ್ಟಿದೆ. ಒಂಟೆ, ಮೊಲಗಳು ಮೆಲುಕು ಹಾಕುವುವೆಂದು ಎಣಿಸಲ್ಪಟ್ಟರೂ ಗೊರಸಿನ ಕಾರಣದಿಂದ ಅಶುದ್ಧವಾದುವು. ಹಂದಿಯ ಗೊರಸು ಸೀಳಿದ್ದರೂ ಅದು ಮೆಲುಕು ಹಾಕದ ಕಾರಣ ಅಶುದ್ಧವಾಯಿತು. ಹೀಗೇಕೆ ಎಂಬುದಕ್ಕೆ ಯಾಜಕಕಾಂಡ ಕೊಡುವ ಉತ್ತರ ಒಂದೇ: ದೇವರು ಪರಿಶುದ್ಧನಾಗಿರುವುದರಿಂದ ಅವನ ಜನರೂ ಪರಿಶುದ್ಧರಾಗಿರಬೇಕು. ಆದರೆ ಗೊರಸಿಗೂ ಪರಿಶುದ್ಧತೆಗೂ ಏನು ಸಂಬಂಧವೆಂಬುದನ್ನು ಅದು ಹೇಳುವುದಿಲ್ಲ. ಈ ಮೌನದಲ್ಲಿಯೇ ಎರಡು ಸಾವಿರ ವರ್ಷಗಳ ಸಂಕೇತವ್ಯಾಖ್ಯಾನ ಬೇರೂರಿ ಬೆಳೆಯಿತು. ಆ ವ್ಯಾಖ್ಯಾನದ ಗುಣದೋಷಗಳನ್ನು ಕನ್ನಡ ಓದುಗನ ನೆಲೆಯಲ್ಲಿ ನಿಂತು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕನ್ನಡದ ನೆಲೆಯೆಂದು ನಾವು ಹೇಳಿದುದಕ್ಕೆ ಕಾರಣವುಂಟು. ‘ಮೆಲ್’ ಧಾತುವಿನಿಂದ ಬಂದ ‘ಮೆಲುಕು’ ನಮ್ಮ ಭಾಷೆಯಲ್ಲಿ ದನದ ಕ್ರಿಯೆಯನ್ನು ಮಾತ್ರ ಸೂಚಿಸುವ ಪದವಲ್ಲ. ಕೇಳಿದ ಮಾತನ್ನು, ಕಳೆದ ದಿನಗಳನ್ನು ನಾವು ‘ಮೆಲುಕು ಹಾಕುತ್ತೇವೆ’. ಮೇಯ್ದು ಬಂದ ಹಸು ಹುಣಿಸೆಯ ನೆರಳಿನಲ್ಲಿ ಕಣ್ಣು ಅರೆಮುಚ್ಚಿ ಮಲಗಿರುವುದನ್ನು ಕಂಡ ಯಾವ ಹಳ್ಳಿಗನಿಗೂ ಈ ರೂಪಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲೆಕ್ಸಾಂಡ್ರಿಯದ ಪಂಡಿತರು ವಾದಮಾಡಿ ಸಾಧಿಸಿದ ಅರ್ಥ ಕನ್ನಡಿಗನಿಗೆ ನುಡಿಗಟ್ಟಿನಲ್ಲಿಯೇ ಒದಗಿಬಂದಿದೆ. ಆದುದರಿಂದ ಈ ಸಂಕೇತಗಳ ಸೊಗಸು ನಮಗೆ ಬೇಗನೆ ಒಲಿಯುತ್ತದೆ. ಅವುಗಳ ಅಪಾಯವೂ ಅಷ್ಟೇ ಬೇಗ ನಮಗೆ ಗೋಚರವಾಗಬೇಕು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಈ ಸಂಕೇತಪದ್ಧತಿ ಕ್ರೈಸ್ತರ ಸೃಷ್ಟಿಯಲ್ಲ. ಕ್ರಿಸ್ತಪೂರ್ವ 2ನೆಯ ಶತಮಾನದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ‘ಅರಿಸ್ಟಿಯಸನ ಪತ್ರ’ವೆಂಬ ಯೆಹೂದಿ ಗ್ರಂಥದಲ್ಲಿಯೇ ಮೆಲುಕು ಸ್ಮೃತಿಯ ಕುರುಹು, ಸೀಳುಗೊರಸು ವಿವೇಚನೆಯ ಕುರುಹು ಎಂಬ ವಿವರಣೆಯಿದೆ. ಅಲೆಕ್ಸಾಂಡ್ರಿಯದ ಫೈಲೋ ಈ ದಾರಿಯಲ್ಲಿಯೇ ಮುಂದುವರಿದು, ಗುರುವಿನಿಂದ ಕೇಳಿದುದನ್ನು ಶಿಷ್ಯನು ನೆನಪಿನ ಮೂಲಕ ಮರಳಿ ತಂದುಕೊಂಡು ಅರಗಿಸಿಕೊಳ್ಳುವುದೇ ಮೆಲುಕು ಎಂದನು. ಆದರೆ ಇವರಿಬ್ಬರೂ ಆಚರಣೆಯನ್ನು ಕೈಬಿಡಲಿಲ್ಲ. ಗೂಢಾರ್ಥ ತಿಳಿಯಿತೆಂದು ವಿಧಿಯನ್ನು ಬಿಡುವವರನ್ನು ಫೈಲೋ ಆಕ್ಷೇಪಿಸುತ್ತಾನೆ: ಅಕ್ಷರವು ದೇಹ, ಅರ್ಥವು ಆತ್ಮ, ಆತ್ಮದ ಮನೆಯಾದ ದೇಹವನ್ನೂ ಕಾಪಾಡಬೇಕೆಂಬುದು ಅವನ ನಿಲುವು. ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ವಾಚ್ಯಾರ್ಥವು ವಿವಕ್ಷಿತವಾಗಿದ್ದುಕೊಂಡೇ ಮತ್ತೊಂದು ಅರ್ಥಕ್ಕೆ ಎಡೆಗೊಡುತ್ತದೆ. ಇದು ವಿವಕ್ಷಿತಾನ್ಯಪರವಾಚ್ಯಕ್ಕೆ ಹತ್ತಿರವಾದ ಬಗೆ.

ಕ್ರೈಸ್ತ ವ್ಯಾಖ್ಯಾನದಲ್ಲಿ ಈ ಸಮತೂಕ ತಪ್ಪಿತು. ಬಾರ್ನಬನ ಹೆಸರಿನಲ್ಲಿ ಪ್ರಚಲಿತವಾಗಿರುವ ಪ್ರಾಚೀನ ಪತ್ರಿಕೆಯ 10ನೆಯ ಅಧ್ಯಾಯವು ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಪ್ರಕಾರ ಮೋಶೆ ಹೇಳಿದುದು ಆಹಾರದ ಮಾತೇ ಅಲ್ಲ. ಯೆಹೂದ್ಯರು ಶರೀರದಾಸೆಯಿಂದ ಅದನ್ನು ಆಹಾರವೆಂದು ತಪ್ಪಾಗಿ ಗ್ರಹಿಸಿದರು. ಹಂದಿಯೆಂದರೆ ಹೊಟ್ಟೆ ತುಂಬಿದಾಗ ಒಡೆಯನನ್ನು ಮರೆತು ಹಸಿದಾಗ ಕೂಗುವವನು. ಹದ್ದು, ಗಿಡುಗ, ಕಾಗೆಗಳೆಂದರೆ ದುಡಿಯದೆ ಇತರರದನ್ನು ಕಸಿದು ಬದುಕುವವರು. ಮೆಲುಕು ಹಾಕುವವರು ದೇವವಾಕ್ಯವನ್ನು ಚಿಂತಿಸುವವರು. ಸೀಳುಗೊರಸುಳ್ಳವನು ಈ ಲೋಕದಲ್ಲಿ ನಡೆಯುತ್ತ ಬರುವ ಲೋಕವನ್ನು ಎದುರುನೋಡುವ ನೀತಿವಂತನು. ಇದು ಅತ್ಯಂತತಿರಸ್ಕೃತವಾಚ್ಯ: ಅಕ್ಷರಾರ್ಥಕ್ಕೆ ಇಲ್ಲಿ ನಿಲ್ಲಲು ಅಂಗೈಯಗಲ ನೆಲವೂ ಇಲ್ಲ. ಹೀಗೆ ವಾಚ್ಯವನ್ನು ತೊರೆದುದರ ಪರಿಣಾಮವನ್ನು ನಾವು ಆ ಅಧ್ಯಾಯದಲ್ಲಿಯೇ ಕಾಣಬಹುದು. ಅಷ್ಟಪದಿ ಮೊದಲಾದ ಕಡಲ ಜೀವಿಗಳನ್ನು ಅದು ನಿಷಿದ್ಧವೆಂದು ಹೆಸರಿಸುತ್ತದೆ. ಧರ್ಮಶಾಸ್ತ್ರ ಅವನ್ನು ಹೆಸರಿಸಿಯೇ ಇಲ್ಲ. ಕತ್ತೆಕಿರುಬವನ್ನೂ ಸೇರಿಸುತ್ತದೆ, ಆ ಹೆಸರೂ ಮೂಲದ ಪಟ್ಟಿಯಲ್ಲಿಲ್ಲ. ಬೇಕಾದ ಅರ್ಥಕ್ಕೆ ತಕ್ಕ ಪ್ರಾಣಿಯನ್ನು ವ್ಯಾಖ್ಯಾನಕಾರನೇ ತಂದು ಕಟ್ಟಿದಂತಾಯಿತು.

2ನೆಯ ಶತಮಾನದ ಕೊನೆಯಲ್ಲಿ ಬರೆದ ಐರಿನೇಯಸನಲ್ಲಿ ಮತ್ತೊಂದು ತಿರುವು ಕಾಣುತ್ತದೆ. ಎರಡು ಲಕ್ಷಣಗಳೂ ಉಳ್ಳವರು ತಂದೆಯಲ್ಲಿಯೂ ಮಗನಲ್ಲಿಯೂ ನಂಬಿಕೆಯಿಟ್ಟು ದೇವವಾಕ್ಯವನ್ನು ಧ್ಯಾನಿಸುವವರು; ಎರಡೂ ಇಲ್ಲದವರು ಅನ್ಯಜನರು; ಮೆಲುಕು ಹಾಕಿಯೂ ಗೊರಸು ಸೀಳದವರು ಯೆಹೂದ್ಯರು; ಗೊರಸು ಸೀಳಿದ್ದೂ ಮೆಲುಕು ಹಾಕದವರು ಪಾಷಂಡಿಗಳು. ವರ್ಗೀಕರಣವೇನೋ ಅಚ್ಚುಕಟ್ಟಾಗಿದೆ. ಆದರೆ ಏನಾಯಿತೆಂಬುದನ್ನು ನಾವು ಗಮನಿಸಬೇಕು. ಅರಿಸ್ಟಿಯಸನ ಪತ್ರದಲ್ಲಿ ಓದುಗನು ತನ್ನ ಮನಸ್ಸನ್ನು ಅಳೆದುಕೊಳ್ಳುವ ಅಳತೆಗೋಲಾಗಿದ್ದ ಲಕ್ಷಣವು ಇಲ್ಲಿ ಪರರನ್ನು ವಿಂಗಡಿಸುವ ಅಳತೆಗೋಲಾಯಿತು. ತಟ್ಟೆಯಿಂದ ತೆಗೆದ ಅಶುದ್ಧಿಯನ್ನು ಮನುಷ್ಯರ ಮೇಲೆ ಹೊರಿಸಿದಂತಾಯಿತು. ಮಧ್ಯಯುಗದ ಜರ್ಮನಿಯ ಚರ್ಚುಗಳ ಗೋಡೆಗಳ ಮೇಲೆ ಯೆಹೂದ್ಯರನ್ನು ಹಂದಿಯೊಡನೆ ಸೇರಿಸಿ ಕೆತ್ತಿದ ಅವಹೇಳನದ ಶಿಲ್ಪಗಳು ಕಾಣಿಸಿಕೊಂಡುವು. ವಿಟ್ಟೆನ್‌ಬರ್ಗಿನ ಚರ್ಚಿನ ಮೇಲಿರುವ ಅಂತಹ ಶಿಲ್ಪವನ್ನು ತೆಗೆಸಬೇಕೆಂಬ ವ್ಯಾಜ್ಯ 2022ರಲ್ಲಿ ಜರ್ಮನಿಯ ಉಚ್ಚ ನ್ಯಾಯಪೀಠದವರೆಗೂ ಹೋಯಿತು. ವಿವರಣೆಯ ಫಲಕವಿರುವುದರಿಂದ ಅದನ್ನು ತೆಗೆಯಬೇಕಾಗಿಲ್ಲವೆಂದು ತೀರ್ಪಾಯಿತು. ಐರಿನೇಯಸನ ಒಂದು ಪುಟವೇ ಇದಕ್ಕೆಲ್ಲ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಜನರನ್ನು ಪ್ರಾಣಿಗಳ ಪಟ್ಟಿಯಲ್ಲಿಟ್ಟು ಓದುವ ರೂಢಿ ಎಲ್ಲಿಗೆ ಮುಟ್ಟಬಹುದೆಂಬುದನ್ನು ಆ ಕಲ್ಲು ತೋರಿಸುತ್ತದೆ.

ಇಂತಹ ಓದು ಮೂಲಗ್ರಂಥಕ್ಕೂ ಒಪ್ಪುವುದಿಲ್ಲವೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಯಲಹಂಕದ ಕೆರೆಗಳ ದಡದಲ್ಲಿ ನಿಂತು ನೋಡಿದರೆ ಕೊಕ್ಕರೆ, ಬಕ, ನೀರುಕಾಗೆ, ಹೆಜ್ಜಾರ್ಲೆ, ಮೇಲೆ ಸುಳಿಯುವ ಹದ್ದು ಕಾಣುತ್ತವೆ. ಹೀಬ್ರೂ ಹೆಸರುಗಳಿಗೆ ಸಂಪ್ರದಾಯದಿಂದ ಬಂದ ಅರ್ಥವನ್ನು ಒಪ್ಪಿದರೆ ಇವೆಲ್ಲವೂ ಯಾಜಕಕಾಂಡದ ನಿಷಿದ್ಧ ಪಕ್ಷಿಗಳ ಬಳಗವೇ ಸರಿ. ಆದರೆ ಕೊಕ್ಕರೆಯ ಹೀಬ್ರೂ ಹೆಸರಾದ ‘ಹಸೀದಾ’ ದಯೆ, ನಿಷ್ಠೆಗಳನ್ನು ಹೇಳುವ ಪದದ ನೆಂಟ. ಅದು ತನ್ನ ಬಳಗಕ್ಕೆ ಆಹಾರ ಹಂಚುವ ದಯೆಯಿಂದ ಈ ಹೆಸರು ಬಂತೆಂದು ಯೆಹೂದಿ ಸಂಪ್ರದಾಯ ಹೇಳುತ್ತದೆ. ಹದ್ದು ನಿಷಿದ್ಧ, ಆದರೂ ದೇವರು ಇಸ್ರಾಯೇಲ್ಯರನ್ನು ಹೊತ್ತುತಂದುದು ಹದ್ದಿನ ರೆಕ್ಕೆಗಳ ಮೇಲೆಯೇ ಎಂದು ವಿಮೋಚನಕಾಂಡ ವರ್ಣಿಸುತ್ತದೆ. ಕಾಗೆ ಪ್ರವಾದಿ ಎಲೀಯನಿಗೆ ಆಹಾರ ತಂದಿತು. ಸಿಂಹ ಅಶುದ್ಧ, ಆದರೂ ಯೆಹೂದನ ಕುಲಕ್ಕೆ, ಪ್ರಕಟನೆಯ ಗ್ರಂಥದಲ್ಲಿ ಕ್ರಿಸ್ತನಿಗೆ, ಅದೇ ಉಪಮಾನ. ಹೆಜ್ಜಾರ್ಲೆಯಂತೂ ತನ್ನ ರಕ್ತದಿಂದ ಮರಿಗಳನ್ನು ಬದುಕಿಸುವುದೆಂಬ ಪ್ರಾಚೀನ ಕಥೆಯ ಮೂಲಕ ಚರ್ಚಿನ ಕಲೆಯಲ್ಲಿ ಕ್ರಿಸ್ತನ ಆತ್ಮಾರ್ಪಣದ ಕುರುಹಾಗಿ ನಿಂತಿತು. ಹೀಗಿರಲು ‘ಅಶುದ್ಧ’ವೆಂದರೆ ‘ದುಷ್ಟ’ವೆಂದು ಸಮೀಕರಿಸುವುದು ಹೇಗೆ? ಮೂಲದಲ್ಲಿ ಅದು ತಿನ್ನಬಾರದೆಂಬ ಕಟ್ಟಳೆಯೇ ಹೊರತು ಗುಣದ ತೀರ್ಪಲ್ಲ.

ಈ ತೊಡಕನ್ನು ಅಗಸ್ಟಿನನು ಚೆನ್ನಾಗಿ ಅರಿತಿದ್ದನು. ಫೌಸ್ತನಿಗೆ ಎದುರಾಗಿ ಬರೆದ ಗ್ರಂಥದಲ್ಲಿ ಅವನು, ಕುರಿಮರಿಯಂತೆ ಹಂದಿಯೂ ಸ್ವಭಾವದಿಂದ ಶುದ್ಧವೇ, ದೇವರ ಸೃಷ್ಟಿಯೆಲ್ಲ ಒಳ್ಳೆಯದೇ ಎನ್ನುತ್ತಾನೆ. ಹಂದಿಯ ಅಶುದ್ಧಿ ಇರುವುದು ಸೂಚನೆಯಲ್ಲಿ ಮಾತ್ರ. ‘ಜ್ಞಾನಿ’, ‘ಮೂಢ’ ಎಂಬ ಎರಡು ಪದಗಳಲ್ಲಿ ಧ್ವನಿರೂಪವಾಗಿ ಯಾವುದೂ ಹೊಲಸಲ್ಲ, ಅರ್ಥದಲ್ಲಿ ಮಾತ್ರ ಭೇದವೆಂಬುದು ಅವನು ಕೊಡುವ ದೃಷ್ಟಾಂತ. ಇದು ಬಹು ಸೂಕ್ಷ್ಮವಾದ ಮಾತು. ಪ್ರಾಣಿಯನ್ನು ಅಕ್ಷರದಂತೆ ಕಂಡ ಅವನು ಪ್ರಾಣಿಯ ಮೇಲಿನ ಹೇಸಿಗೆಯನ್ನು ಕಳೆದನು. ಆದರೆ ಅಕ್ಷರದ ಅರ್ಥವಾಗಿ ಯಾವ ಮನುಷ್ಯನನ್ನು ನಿಲ್ಲಿಸಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಆ ಪ್ರಶ್ನೆಗೆ ಉತ್ತರ ಹೊಸ ಒಡಂಬಡಿಕೆಯಲ್ಲಿಯೇ ಇದೆ. ಅಪೊಸ್ತಲರ ಕೃತ್ಯಗಳ 10ನೆಯ ಅಧ್ಯಾಯದಲ್ಲಿ ಯೊಪ್ಪದ ಮಾಳಿಗೆಯ ಮೇಲೆ ಪೇತ್ರನು ಆಕಾಶದಿಂದಿಳಿದ ಬಟ್ಟೆಯಲ್ಲಿ ಎಲ್ಲ ಬಗೆಯ ಪ್ರಾಣಿಗಳನ್ನೂ ಕಾಣುತ್ತಾನೆ. ತಿನ್ನೆಂಬ ವಾಣಿಗೆ ಒಲ್ಲೆನೆನ್ನುತ್ತಾನೆ. ದರ್ಶನದ ಅರ್ಥ ಅವನಿಗೆ ಕೂಡಲೇ ಹೊಳೆಯುವುದಿಲ್ಲ. ರೋಮನ್ ಸೈನ್ಯಾಧಿಕಾರಿ ಕೊರ್ನೇಲ್ಯನ ಮನೆಯ ಹೊಸ್ತಿಲನ್ನು ದಾಟಿದ ಮೇಲೆ ಅವನೇ ಅದನ್ನು ಬಿಡಿಸಿ ಹೇಳುತ್ತಾನೆ: ಯಾವ ಮನುಷ್ಯನನ್ನೂ ಅಶುದ್ಧನೆನ್ನಬಾರದು. ಇಲ್ಲಿಯೂ ಪ್ರಾಣಿಗಳು ಮನುಷ್ಯರ ಸಂಕೇತಗಳೇ. ಆದರೆ ಐರಿನೇಯಸನು ಪಟ್ಟಿಯಿಂದ ಜನರನ್ನು ಹೊರಗಿಡಲು ಹೊರಟನು; ಪೇತ್ರನ ದರ್ಶನ ಪಟ್ಟಿಯ ಗೆರೆಯನ್ನೇ ಅಳಿಸಿ ಜನರನ್ನು ಒಳಕ್ಕೆ ತಂದಿತು. ಆದುದರಿಂದ ನಮ್ಮ ಆಕ್ಷೇಪ ಸಂಕೇತಾರ್ಥದ ಮೇಲಲ್ಲ, ಅದರ ದಿಕ್ಕಿನ ಮೇಲೆ.

ಕನ್ನಡ ಅನುವಾದದಲ್ಲಿ ಈ ಪ್ರಸಂಗಕ್ಕೆ ವಿಶೇಷವಾದ ಕಾವು ಬಂದಿದೆ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರ ದುಡಿಮೆಯಿಂದ 1831ರ ಸುಮಾರಿಗೆ ಸಮಗ್ರ ಕನ್ನಡ ಬೈಬಲ್ ಹೊರಬಂದಿತು; ಅನಂತರ ಅದು ಹಲವು ಕೈಗಳಲ್ಲಿ ಪರಿಷ್ಕಾರಗೊಂಡಿತು. ಬಹುಕಾಲದಿಂದ ಬಳಕೆಯಲ್ಲಿರುವ ಸತ್ಯವೇದದಲ್ಲಿ ಈ ಸಂದರ್ಭಕ್ಕೂ ಮತ್ತಾಯನ ಸುವಾರ್ತೆಯ 15ನೆಯ ಅಧ್ಯಾಯಕ್ಕೂ ಬಳಸಿದ ಪದ ‘ಹೊಲೆ’. ಮೂಲದ ಗ್ರೀಕ್ ಪದ ‘ಸಾಮಾನ್ಯವಾದದ್ದು’ ಎಂಬಷ್ಟೇ ಅರ್ಥದಿಂದ ಹೊರಟು ಮೈಲಿಗೆಯ ಅರ್ಥವನ್ನು ಪಡೆದುದು. ಕನ್ನಡದ ‘ಹೊಲೆ’ ಹಾಗಲ್ಲ. ಸೂತಕ, ಮುಟ್ಟು, ಹೇಸಿಗೆಗಳ ಭಾರವೆಲ್ಲ ಅದರ ಮೇಲಿದೆ. ಅಷ್ಟೇ ಅಲ್ಲ, ಊರಹೊರಗಿಡಲ್ಪಟ್ಟ ಒಂದು ಜನಸಮುದಾಯದ ಹೆಸರಿನೊಡನೆ ಅದು ಹೆಣೆದುಕೊಂಡಿದೆ. ಆ ಹೆಸರಿಗೆ ‘ಹೊಲ’ದಿಂದ ನಿಷ್ಪತ್ತಿ ಹೇಳುವವರಿದ್ದರೂ ಬಳಕೆಯಲ್ಲಿ ನೋವು ತಪ್ಪಲಿಲ್ಲ. ಗ್ರೀಕ್ ಓದುಗನಿಗೆ ತಟ್ಟೆಯ ಪ್ರಶ್ನೆಯಾಗಿ ಮೊದಲಾಗುವ ಮಾತು ಕನ್ನಡ ಓದುಗನಿಗೆ ಮೊದಲ ಪದದಲ್ಲಿಯೇ ಕೇರಿಯ ಪ್ರಶ್ನೆಯಾಗುತ್ತದೆ. ಪೇತ್ರನು ಹೊಸ್ತಿಲು ದಾಟಿದ ಮೇಲೆ ಅರಿತುದನ್ನು ನಮ್ಮ ಭಾಷೆ ಮಾಳಿಗೆಯ ಮೇಲೆಯೇ ಹೇಳಿಬಿಡುತ್ತದೆ. 12ನೆಯ ಶತಮಾನದ ವಚನಕಾರರು ಹೊಲೆತನವನ್ನು ಹುಟ್ಟಿನಿಂದ ಕಿತ್ತು ನಡತೆಯಲ್ಲಿಟ್ಟುದನ್ನು ಬಲ್ಲ ನಾಡಿನಲ್ಲಿ ಈ ಅನುವಾದ ಕೇವಲ ಪದಾಂತರವಲ್ಲ, ಒಂದು ವ್ಯಾಖ್ಯಾನ. ಆದರೆ ಅದೇ ಪದ ಕೇಳುವವನನ್ನು ಇರಿಯಲೂ ಬಲ್ಲುದು. ಮೈಲಿಗೆಯನ್ನು ನಿರಾಕರಿಸುವ ವಾಕ್ಯದಲ್ಲಿಯೂ ಮೈಲಿಗೆಯ ಹೆಸರನ್ನು ಉಚ್ಚರಿಸಬೇಕಾಗುತ್ತದೆಂಬುದು ಅನುವಾದಕನ ಬಿಕ್ಕಟ್ಟು. ತರಗತಿಯಲ್ಲಿ ಈ ಭಾಗವನ್ನು ಪಾಠಮಾಡುವ ಅಧ್ಯಾಪಕರು ಈ ಎರಡು ಮುಖಗಳನ್ನೂ ವಿದ್ಯಾರ್ಥಿಗಳ ಮುಂದಿಡಬೇಕು.

ಹೊಸಕಾಲದ ವಿದ್ವಾಂಸರು ಈ ವಿಧಿಗಳಿಗೆ ಬೇರೆ ಕಾರಣಗಳನ್ನು ಹುಡುಕಿದ್ದಾರೆ. ಮೇರಿ ಡಗ್ಲಸ್ 1966ರಲ್ಲಿ, ವರ್ಗಗಳ ಚೌಕಟ್ಟಿಗೆ ಸರಿಯಾಗಿ ಹೊಂದದ ಪ್ರಾಣಿಗಳೇ ಅಶುದ್ಧವೆನಿಸಿದುವೆಂಬ ವಾದವನ್ನು ಮಂಡಿಸಿ, ಮುಂದೆ ತಾವೇ ಅದನ್ನು ತಿದ್ದಿಕೊಂಡರು. ತನ್ನ ಮಾತನ್ನು ತಾನೇ ಮರಳಿ ತೆಗೆದು ಅಗಿದು ನೋಡುವ ಈ ಗುಣವೇ ನಿಜವಾದ ಮೆಲುಕು. ಒಟ್ಟಿನಲ್ಲಿ ನಮಗೆ ತೋರುವುದಿಷ್ಟು: ಶುದ್ಧಾಶುದ್ಧ ಪ್ರಾಣಿಗಳ ಸಂಕೇತಾರ್ಥಗಳಲ್ಲಿ ಓದುಗನನ್ನು ಅವನ ಒಳಕ್ಕೆ ತಿರುಗಿಸುವವು ಉಳಿಯತಕ್ಕವು, ಅವನ ಬೆರಳನ್ನು ನೆರೆಯವನ ಕಡೆಗೆ ತಿರುಗಿಸುವವು ಬಿಡತಕ್ಕವು. ಮೆಲುಕು ಹಾಕುವ ಪ್ರಾಣಿ ತನ್ನ ಹೊಟ್ಟೆಯಲ್ಲಿರುವುದನ್ನೇ ಮರಳಿ ಅಗಿಯುತ್ತದೆ. ಪಕ್ಕದ ಕೊಟ್ಟಿಗೆಯ ಮೇವನ್ನಲ್ಲ.